ಬೀಗರ ಕೋಣೆಯಲ್ಲಿ ನನ್ನ ಪರಿಸರಸ್ನೇಹಿ ಸೋಪು

ಭೂಮಿಯನ್ನು ಉಳಿಸಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ಮಾಡಲು ಬೇರೆ ಕೆಲಸವೂ ಇರಲಿಲ್ಲ. ಶಿಡ್ಲಘಟ್ಟದಲ್ಲಿ ಎಲ್ಲರ ಜೇಬಿಗೂ ಮೊಬೈಲ್ ಬಂದು, ನಾನು ನನ್ನ ಎಸ್‌ಟಿಡಿ ಬೂತಿನಲ್ಲಿ ನೊಣ ಹೊಡೆಯುತ್ತಾ ಕೂತಿದ್ದ ಕಾಲ ಅದು. ಉದ್ಯಮಿಗೆ ಲಾಭಕ್ಕಿಂತ ಧ್ಯೇಯ ಮುಖ್ಯ ಎಂದು ಬೆಂಗಳೂರಿನ ಉಪನ್ಯಾಸವೊಂದರಲ್ಲಿ ಕೇಳಿ ಬಂದಿದ್ದೆ. ಲಾಭವಂತೂ ಹೇಗೂ ಇರಲಿಲ್ಲ. ಅರ್ಧ ಅರ್ಹತೆ ಸಿಕ್ಕೇಬಿಟ್ಟಿತ್ತು!

ನಮ್ಮೂರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗಿನ ಹುಳ ಉಳಿಯುತ್ತದೆ. ಬೀದಿ ಬೀದಿಯಲ್ಲೂ ಅದರ ರಾಶಿ. ಆ ಹುಳದ ಎಣ್ಣೆಯಿಂದ ಮೈಸೋಪು ಮಾಡಿದರೆ ಕಸವೂ ಕರಗಿತು, ಜನರ ಕೊಳೆಯೂ ಹೋಯಿತು. ಬಣ್ಣವಿಲ್ಲ, ಪ್ಲಾಸ್ಟಿಕ್ ಇಲ್ಲ. ಹಿಪ್ಪುನೇರಳೆ ಎಲೆಯಲ್ಲಿ ಸುತ್ತಿ ದಾರ ಕಟ್ಟಿದರಾಯಿತು. 'ಭೂರಕ್ಷಾ' ಎಂದು ಹೆಸರಿಟ್ಟು, ಹಿತ್ತಲಲ್ಲಿ ಹಂಡೆ ಹೂಡಿ ಕುದಿಸಿಯೇಬಿಟ್ಟೆ.

ನಾನು ಬೇಜವಾಬ್ದಾರಿ ಮನುಷ್ಯನಲ್ಲ. ಮಾರುವ ಮುನ್ನ ಗ್ರಾಹಕರ ಅಭಿಪ್ರಾಯವನ್ನು ವಿಧಿವತ್ತಾಗಿ ಸಂಗ್ರಹಿಸಿದೆ. ಹೆಂಡತಿ ಪದ್ಮಾ ಮೂಸಿ ನೋಡಿ, "ವಾಸನೇನೇ ಇಲ್ವಲ್ರೀ, ಒಂಚೂರು ಸೆಂಟಾದ್ರೂ ಹಾಕ್ಬಾರ್ದಾ?" ಎಂದಳು. ನೂಲು ತೆಗೆಯುವ ಎದುರುಮನೆಯ ಬಾಷಾ ಸಾಬರು ಕಣ್ಣು ಮುಚ್ಚಿ ಮೂಸಿ, "ಹಿತವಾಗೈತೆ ಸ್ವಾಮಿ" ಎಂದರು. ಪಕ್ಕದ ಬೀದಿಯಲ್ಲಿದ್ದ ಅತ್ತೆ ಮಾವನ ಅಭಿಪ್ರಾಯವೂ ಅದೇ. ಇಡೀ ಶಿಡ್ಲಘಟ್ಟ ಒಪ್ಪಿದ ಮೇಲೆ ಇನ್ನೇನು ಬೇಕು!

ಅಷ್ಟರಲ್ಲಿ ನಾದಿನಿ ಶೋಭಾಳ ಮದುವೆ ಗೌರಿಬಿದನೂರಿನ ಹುಡುಗ ನಾಗೇಶನ ಜೊತೆ ನಿಶ್ಚಯವಾಯಿತು. ಛತ್ರವೂ ಅಲ್ಲಿಯೇ. ಬೀಗರ ಕೋಣೆಗಳಿಗೆ ಎಣ್ಣೆ, ಪೇಸ್ಟು, ಬಾಚಣಿಗೆ, ಸೋಪು ಇಡುವ ಹೊಣೆ ಹಿರಿ ಅಳಿಯನಾದ ನನ್ನ ಪಾಲಿಗೆ ಬಂತು. ಇಂಥ ಅವಕಾಶವನ್ನು ಯಾವ ಉದ್ಯಮಿ ಬಿಟ್ಟಾನು? "ಯಾರೂ ಹೊರಗಿನ ಸೋಪು ತರಬೇಡಿ, ಅದು ಭೂಮಿಗೆ ಕೆಡುಕು" ಎಂದು ಬೀಗರಿಗೆ ಫೋನ್ ಮಾಡಿ ಹೇಳಿದೆ. ಹೊಸ ಸಂಬಂಧ, ಪಾಪ. ಒಪ್ಪಿಕೊಂಡರು.

ಸೋಪಿನ ಮೂಟೆಯೊಡನೆ ಹೊರಟು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದೆವು. ಮಂಚೇನಹಳ್ಳಿ ಬರುವಷ್ಟರಲ್ಲಿ ನಮ್ಮ ಅಕ್ಕಪಕ್ಕದ ಸೀಟುಗಳೆಲ್ಲ ಖಾಲಿ. ಜನ ಹಿಂದೆ ಹೋಗಿ ನಿಂತಿದ್ದರು.

"ಈ ಕಡೆಯವರು ಎಷ್ಟು ಮರ್ಯಾದಸ್ಥರು ನೋಡೇ. ಮದುವೆಯವರು ಅಂತ ಜಾಗ ಬಿಟ್ಕೊಟ್ರು!" ಎಂದೆ.

"ನಮ್ಮ ಶೋಭಾ ಪುಣ್ಯವಂತೆ ಕಣ್ರೀ" ಎಂದಳು ಪದ್ಮಾ.

ಮುಹೂರ್ತ ಬೆಳಗಿನ ಜಾವಕ್ಕಿತ್ತು. ನಾಗೇಶ ಸ್ನಾನ ಮುಗಿಸಿ, ಪೇಟ ಕಟ್ಟಿಕೊಂಡು ಹೊರಗೆ ಬಂದ. ಅವನ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏಂ ವಾಸನರಾ ನಾಯ್ನಾ ಇದಿ!" ಎಂದು ತೆಲುಗಿನಲ್ಲಿ ಕೂಗಿದರು. ಪುರೋಹಿತರು ಕೂತಿದ್ದ ಮಣೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ನಾಗೇಶನ ತಂದೆ ನನ್ನ ಕಡೆ ತಿರುಗಿದರು. "ಏನ್ರೀ ಇದು? ನನ್ ಮಗನ ಮೈಮೇಲೆ ಏನಾದ್ರೂ ಸತ್ತೈತಾ?"

ನಾನು ಮದುಮಗನ ಹತ್ತಿರ ಹೋಗಿ ಕೂಲಂಕಷವಾಗಿ ಮೂಸಿದೆ. "ಏನೂ ಇಲ್ವಲ್ಲ ಬೀಗ್ರೇ?" ಮಾವ ಮೂಸಿದರು. ಅತ್ತೆಯೂ ಮೂಸಿದರು. ಏನೂ ಇಲ್ಲ! ಅರ್ಧ ಛತ್ರ ಮೂಗು ಹಿಡಿದುಕೊಂಡು ನಿಂತಿತ್ತು. ಶಿಡ್ಲಘಟ್ಟದಿಂದ ಬಂದ ಇನ್ನರ್ಧ ಅವರನ್ನು ನೋಡಿ ಬೆರಗಾಗಿತ್ತು.

"ಇನ್ನೊಂದ್ಸಲ ಸ್ನಾನ ಮಾಡ್ಕೊಂಡು ಬರ್ತೀನಿ" ಎಂದು ನಾಗೇಶ ಓಡಿದ. ಅಂಗಡಿಗಳಿನ್ನೂ ತೆರೆದಿರಲಿಲ್ಲ. ಛತ್ರದಲ್ಲಿ ಇದ್ದದ್ದು ನನ್ನ ಸೋಪೊಂದೇ. ಪಾಪ, ಚೆನ್ನಾಗಿ ಉಜ್ಜಿಕೊಂಡು ಬಂದ. ಅಜ್ಜಿ ಎದ್ದು ಅಂಗಳಕ್ಕೇ ಹೋಗಿಬಿಟ್ಟರು!

"ಸೋಪಿಗೆ ಏನ್ ಹಾಕಿದ್ದೀರಿ?" ಎಂದರು ನಾಗೇಶನ ತಂದೆ.

"ಎಲ್ಲಾ ನೈಸರ್ಗಿಕ! ಬೇಯಿಸಿದ ರೇಷ್ಮೆಹುಳದ ಎಣ್ಣೆ" ಎಂದೆ ಹೆಮ್ಮೆಯಿಂದ. ಪದ್ಮಾ ನನ್ನ ತೋಳು ಚಿವುಟುವಷ್ಟರಲ್ಲಿ ಮಾತು ಬಾಯಿಂದ ಹೊರಬಿದ್ದಿತ್ತು.

"ಹುಳಾನ? ಸಾಕು ಬಿಡಿ. ಈ ಮುಹೂರ್ತ ಬೇಡ. ಮುಂದಿಂದು ಆಮೇಲೆ ನೋಡಣ."

ಮಾವನ ಮುಖ ಬಿಳಿಚಿಕೊಂಡಿತು. ಆಮೇಲೆ ನೋಡೋಣ ಎಂದು ನಿಂತ ಮದುವೆಗಳು ಏನಾಗುತ್ತವೆಂದು ಎಲ್ಲರಿಗೂ ಗೊತ್ತು. ಪದ್ಮಾಳ ಕಣ್ಣಲ್ಲಿ ನೀರು. "ನಿಮ್ಮ ಭೂಮಿ ಉಳೀತು. ನನ್ ತಂಗಿ ಬಾಳು?" ಎಂದಳು. ಆ ಕ್ಷಣ ನನಗೆ ನಿಜವಾಗಿಯೂ ಅಳು ಬಂತು.

ಗಲಾಟೆ ಕೇಳಿ ಮದುಮಗಳ ಕೋಣೆಯಿಂದ ಶೋಭಾಳೇ ಹೊರಗೆ ಬಂದಳು. ಯಾರನ್ನೂ ಕೇಳದೆ ನೇರವಾಗಿ ನಾಗೇಶನ ಪಕ್ಕಕ್ಕೆ ಹೋಗಿ ನಿಂತು ಉಸಿರೆಳೆದುಕೊಂಡಳು.

"ನಮ್ಮನೇಲಿ ಇದ್ದಂಗೇ ಐತಲ್ಲ. ರಾತ್ರಿಯಿಂದ ಹೊಸ ಊರು, ಹೊಸ ಜನ ಅಂತ ಹೆದರಿಕೆ ಆಗ್ತಿತ್ತು. ಈಗಿಲ್ಲ" ಎಂದಳು.

ನಾಗೇಶ ಅವಳನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. "ಅಪ್ಪಾ, ಪಕ್ಕದಲ್ಲಿ ಕೂತ್ಕೊಳ್ಳೋಳಿಗೇ ಇಲ್ದಿರೋ ತೊಂದರೆ ನಿಮಗ್ಯಾಕೆ?" ಎಂದು ಹೋಗಿ ಮಣೆಯ ಮೇಲೆ ಕೂತ. ಪುರೋಹಿತರು ಒಂದು ಕೈಯಲ್ಲಿ ಮೂಗು ಹಿಡಿದೇ ಮಂತ್ರ ಹೇಳಿ ಮುಗಿಸಿದರು. ಮದುವೆ ಆಯಿತು!

ಬೀಗರೂಟ ಮುಗಿಸಿಕೊಂಡು ಕೆಲವು ದಿನ ಗೌರಿಬಿದನೂರಿನಲ್ಲೇ ಉಳಿದು ಊರಿಗೆ ಮರಳಿದೆವು. ಬಾಗಿಲು ತೆಗೆದರೆ, ಅಬ್ಬಬ್ಬಾ! ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬಂದೆ.

"ಪದ್ಮಾ, ಹೆಗ್ಗಣ ಸತ್ತಿದೆ ಕಣೇ!"

"ಹೆಗ್ಗಣ ಅಲ್ಲ ಕಣ್ರೀ, ಅದು ನಿಮ್ಮ ಕಂಪನಿ" ಎಂದಳು ಪದ್ಮಾ, ಸೆರಗಿನೊಳಗಿಂದ.

ಉಳಿದ ಸೋಪನ್ನೆಲ್ಲ ಗುಂಡಿ ತೋಡಿ ಹೂಳುವುದೆಂದು ಅಲ್ಲಿಯೇ ಪ್ರಮಾಣ ಮಾಡಿದೆ. ನಾಳೆ ಮಾಡಿದರಾಯಿತು, ನಾಡಿದ್ದು ಮಾಡಿದರಾಯಿತು ಎಂದು ವಾರ ಕಳೆಯಿತು. ಕೊನೆಗೊಂದು ದಿನ ಗುದ್ದಲಿ ಹಿಡಿದು ಹೊರಟವನು ಸುಮ್ಮನೆ ಒಂದು ಸೋಪು ತೆಗೆದು ಮೂಸಿದೆ. ಪದ್ಮಾಳಿಗೂ ಕೊಟ್ಟೆ. ಅವಳೂ ಮೂಸಿ, "ವಾಸನೇನೇ ಇಲ್ವಲ್ರೀ" ಎಂದಳು.

ಗುದ್ದಲಿ ಕೆಳಗಿಟ್ಟೆ. ಎಷ್ಟು ಯೋಚಿಸಿದರೂ ಸರಿ, ಗೌರಿಬಿದನೂರಿನವರ ಮೂಗಿನಲ್ಲೇ ಏನೋ ದೋಷವಿದೆ!