ಪಂಡ್ಲು ಪುಕ್ಕಟೆ!

ನಮ್ಮ ಮಾವನ ಬಾಯಲ್ಲಿ ಮೂವತ್ತೆರಡು ಹಲ್ಲುಗಳಿವೆ ಎಂದರೆ ನೀವು ನಂಬಲೇಬೇಕು, ಏಕೆಂದರೆ ನಂಬದವರಿಗೆ ಅವರು ಎಣಿಸಿ ತೋರಿಸುತ್ತಾರೆ! ಆದರೆ ಅದೇ ಬಾಯಲ್ಲಿ ನಾಲಿಗೆ ಒಂದೇ ಇದೆ ಎಂದು ಯಾರಾದರೂ ಆಣೆ ಮಾಡಿ ಹೇಳಿದರೂ ನಾನು ನಂಬುವುದಿಲ್ಲ. ಅಷ್ಟೊಂದು ಮಾತು ಒಂದೇ ನಾಲಿಗೆಯಿಂದ ಆಗುವ ಕೆಲಸವೇ?

ಮಾವ ಎಂದರೆ ನಮ್ಮಮ್ಮನ ತಮ್ಮ. ಊರು ಆಂಧ್ರದ ಗಡಿಸೀಮೆಯ ಕಲ್ಯಾಣದುರ್ಗ, ವಯಸ್ಸು ಅರವತ್ತೆಂಟು. ಮಗ್ಗದ ಮನೆಯಲ್ಲಿ ಹುಟ್ಟಿ, ನಲವತ್ತು ವರ್ಷ ಸೀರೆ ನೇಯ್ದು, ಮಂಡಿ ನೋವು ಬಂದ ಮೇಲೆ ಮಗ್ಗ ಬಿಟ್ಟರು. ಲಾಳಿ ನಿಂತಿತು, ನಾಲಿಗೆ ನಿಲ್ಲಲಿಲ್ಲ. ಬೆಳಗ್ಗೆ ಆರು ಗಂಟೆಗೆ ಬೇವಿನ ಕಡ್ಡಿಯೊಂದನ್ನು ಬಾಯಿಗಿಟ್ಟು ಮನೆ ಬಿಟ್ಟರೆ ಬಸ್ ಸ್ಟ್ಯಾಂಡಿನವರೆಗೂ ಹಲ್ಲುಜ್ಜುತ್ತ, ಸಿಕ್ಕಸಿಕ್ಕವರ ಜೊತೆ ಮಾತಾಡುತ್ತ ಹೋಗಿ, ಏಳೂವರೆಗೆ ಮನೆ ಸೇರುತ್ತಾರೆ. "ಹಲ್ಲುಜ್ಜೋಕೆ ಒಂದೂವರೆ ಗಂಟೆ ಯಾಕೆ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಮೂವತ್ತೆರಡು ಅವೆ ಕಣಮ್ಮ! ಒಂದೊಂದುಕ್ಕೆ ಮೂರು ನಿಮಿಷ ಹಿಡ್ಕಂಡು ಲೆಕ್ಕ ಹಾಕು!"

ಹಾಕಿದೆ. ಆರು ನಿಮಿಷ ಬಿಟ್ಟರೆ ಲೆಕ್ಕ ಸರಿಯಾಗಿಯೇ ಇತ್ತು!

ಮದುವೆ ಮನೆಯಲ್ಲಿ ಯಾರಿಗೂ ಮುರಿಯದ ಚಕ್ಕುಲಿ ಮಾವನ ಎಲೆಗೆ ಬರುತ್ತದೆ. ಸೋಡಾ ಬಾಟಲಿಯ ಮುಚ್ಚಳ, ಪ್ಲಾಸ್ಟಿಕ್ ದಾರದ ಗಂಟು, ಕಬ್ಬಿನ ಗೆಣ್ಣು, ಎಲ್ಲಕ್ಕೂ ಅವರ ಹಲ್ಲೇ ಆಯುಧ. ಇಷ್ಟೆಲ್ಲ ಬೀದಿಯಲ್ಲಿ ಮಾತ್ರ. ಮನೆಯ ಹೊಸ್ತಿಲು ದಾಟಿದ ಮೇಲೆ ಅವರು ಹಲ್ಲಿನ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಅದೇಕೆಂದು ಆಗ ನಾನು ಯೋಚಿಸಲೂ ಇಲ್ಲ.

ಮನೆಯೊಳಗೆ ಅತ್ತೆ ಇದ್ದರಲ್ಲ! ಹಲ್ಲಿದ್ದರೆ ಕಡಲೆ ಇಲ್ಲ, ಕಡಲೆ ಇದ್ದರೆ ಹಲ್ಲಿಲ್ಲ ಎನ್ನುತ್ತಾರೆ. ಇವರ ಸಂಸಾರದಲ್ಲಿ ಎರಡನ್ನೂ ಗಂಡ ಹೆಂಡತಿ ಸಮವಾಗಿ ಹಂಚಿಕೊಂಡಿದ್ದರು. ಕಡಲೆ ಹುರಿಯುವವರು ಅತ್ತೆ, ಹಲ್ಲು ಮಾವನದು. ಮಗ್ಗದ ಮನೆಯಲ್ಲಿ ಕತ್ತರಿ ಯಾವಾಗಲೂ ಕಳೆದುಹೋಗಿರುತ್ತದೆ, ಹಲ್ಲು ಮಾತ್ರ ಕೈಗೆ ಸಿಗುತ್ತದೆ. ಅತ್ತೆ ಮೂವತ್ತು ವರ್ಷ ರೇಷ್ಮೆ ಎಳೆಯನ್ನು ಹಲ್ಲಲ್ಲೇ ಕಚ್ಚಿ ತುಂಡು ಮಾಡಿದರು. ಮೊದಲು ಮುಂದಿನ ಹಲ್ಲಿಗೆ ಗೀರು ಬಿತ್ತು, ಆಮೇಲೆ ವಸಡು ಕೆಟ್ಟಿತು, ಆಮೇಲೆ ಒಂದೊಂದಾಗಿ ಉದುರಿದವು. ಮುಂದಿನವು ಹೋದ ದಿನ ಸೆರಗು ಬಾಯಿಗೆ ಬಂತು, ಮತ್ತೆ ಇಳಿಯಲಿಲ್ಲ.

ನಮ್ಮ ಅತ್ತೆಯ ನಗು ನೀವು ಕೇಳಬೇಕಿತ್ತು! ಅವರು ನಕ್ಕರೆ ಪಕ್ಕದ ಮನೆಯ ಮಗ್ಗವೂ ನಿಲ್ಲುತ್ತಿತ್ತು, ಏನಾಯಿತೆಂದು ನೋಡಲು. ಅಂಥವರು ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು. ಹಿಂದೂಪುರದ ನನ್ನ ಅಂಗಡಿಯ ಪೂಜೆಗೆ ಬಂದಾಗ ಫೋಟೋ ಹೊತ್ತಿಗೆ ಮಾಯವಾದರು. ಮಾವ ಎರಡು ಸಲ ಹಲ್ಲಿನ ಡಾಕ್ಟರ ಹತ್ತಿರ ಕರೆತಂದರೆ ಎರಡು ಸಲವೂ ಮೆಟ್ಟಿಲಿನಿಂದಲೇ ವಾಪಸು. "ಈ ವಯಸ್ನಾಗೆ ಹಲ್ಲು ಕಟ್ಟಿಸ್ಕಂಡು ಯಾರ್ಗೆ ತೋರಿಸ್ಬೇಕಾಗೈತೆ? ಪರರ ಮುಂದೆ ಬಾಯಿ ಬಿಡಾಕೆ ನನ್ನ ಕೈಲಾಗಾಕಿಲ್ಲ" ಎಂದು ಸೆರಗಿನ ಹಿಂದಿನಿಂದ ಹೇಳುತ್ತಿದ್ದರು.

ನನ್ನದು ಫ್ಲೆಕ್ಸ್ ಬ್ಯಾನರ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಯಾವುದಕ್ಕೂ ಒಂದೇ ಗುಲಾಬಿ ಹೂವಿನ ಅಂಚು ಹಾಕುತ್ತೇನೆ. ಒಂದು ದಿನ ಒಂದು ದೊಡ್ಡ ಕಂಪನಿಯಿಂದ ಒಬ್ಬ ಆಫೀಸರಮ್ಮ ಬಂದರು. ಹೆಸರು ಬೇಡ, ಮತ್ತೆ ಆರ್ಡರ್ ಬರಬೇಕಲ್ಲ! ಕಂಪನಿಯ ಸಿಎಸ್ಆರ್ ನಿಧಿಯಿಂದ ಕಲ್ಯಾಣದುರ್ಗದಲ್ಲಿ ಶಿಬಿರ: ಹಲ್ಲಿನ ತಪಾಸಣೆ, ತೀರಾ ಹಲ್ಲಿಲ್ಲದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು, ಬಂದವರಿಗೆಲ್ಲ ಒಂದು ಬ್ರಷ್, ಪರಿಸರಕ್ಕಾಗಿ ಒಂದು ಗಿಡ. ಬ್ಯಾನರಿಗೆ ನನ್ನನ್ನು ಹುಡುಕಿ ಬಂದಿದ್ದರು. ಜೊತೆಗೆ, "ಆಟೋದಲ್ಲಿ ಮೈಕ್ ಹಿಡಿದು ಊರೂರಿಗೆ ಹೇಳುವವರು ಬೇಕಿತ್ತು. ಕುಂದುರ್ಪಿ ಕಡೆಗೆ ಕನ್ನಡವೂ ಬರಬೇಕು, ತೆಲುಗೂ ಬರಬೇಕು, ಚೆನ್ನಾಗಿ ಮಾತಾಡಬೇಕು" ಎಂದರು.

ಚೆನ್ನಾಗಿ ಮಾತಾಡಬೇಕು! ನನ್ನ ಬಾಯಿಂದ ಮಾವನ ಹೆಸರು ತಾನಾಗಿಯೇ ಬಿತ್ತು. ಬಾಯಿಬಿಟ್ಟರೆ ಬಣ್ಣಗೇಡು ಎಂಬ ಮಾತು ನನಗಾಗಿಯೇ ಹುಟ್ಟಿರಬೇಕು.

ಫೋನ್ ಮಾಡಿ ವಿಷಯ ಹೇಳಿದೆ. ಮಾವನ ಮೊದಲ ಪ್ರಶ್ನೆ: "ಸಿಎಸ್ಸಾರ್ ಅಂದ್ರೆ ಯಾರಮ್ಮ? ಯಾವ ಪಾರ್ಟಿ?"

ನಮ್ಮ ಸೀಮೆಯಲ್ಲಿ ಮೂರು ಇಂಗ್ಲಿಷ್ ಅಕ್ಷರ ಸೇರಿ ಕೊನೆಗೊಂದು 'ಆರ್' ಬಂತೆಂದರೆ ಅದು ನಾಯಕರ ಹೆಸರೇ. ಅದು ಮನುಷ್ಯನಲ್ಲ, ಕಂಪನಿಗಳು ಲಾಭದಲ್ಲಿ ಒಂದಿಷ್ಟನ್ನು ಸಮಾಜಕ್ಕೆ ಕೊಡುವ ಏರ್ಪಾಡು ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿ ಮಾವ, "ಆತು ಬಿಡಮ್ಮ, ಒಳ್ಳೇ ಮನ್ಸ. ಓಟು ಕೇಳ್ದಂಗೆ ಕೊಡ್ತಾನಲ್ಲ" ಎಂದರು. ಆಮೇಲೆ ಮೈಕಿನಲ್ಲಿ "ಸಿಎಸ್ಸಾರ್ ಗಾರಿ ದಯ", ಅಂದರೆ ಸಿಎಸ್ಸಾರ್ ಅವರ ದಯೆ, ಎಂದು ಎಷ್ಟು ಸಲ ಕೂಗಿದರೆಂದರೆ, ಒಬ್ಬ ಅಜ್ಜಿ ಶಿಬಿರಕ್ಕೆ ಹೂವಿನ ಹಾರ ತಂದು ಆ ಪುಣ್ಯಾತ್ಮ ಎಲ್ಲಿ ಎಂದು ಹುಡುಕಾಡಿತು!

ಆಫೀಸರಮ್ಮನಿಗೂ ಮಾವನಿಗೂ ಮೊದಲ ಭೇಟಿ ನನ್ನ ಅಂಗಡಿಯಲ್ಲೇ ಆಯಿತು. ಆಕೆ ಪ್ರೀತಿಯಿಂದ ಒಂದು ಬ್ರಷ್ ಕೊಟ್ಟರು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಸವೆದ್ ಮ್ಯಾಲೆ ನೆಟ್ರೆ ಗಿಡ ಆಯ್ತದಾ ಮೇಡಂ?" ಎಂದರು.

"ಇಲ್ಲ ತಾತ, ಇದು ಪ್ಲಾಸ್ಟಿಕ್."

"ನಮ್ ಬ್ರಷ್ಷಿಗೆ ಬೇರೈತೆ, ನೆರಳೈತೆ, ಮ್ಯಾಲೆ ಕಾಗೆ ಗೂಡೂ ಐತೆ. ಹಲ್ಲೂ ಪರಿಸರಾನೂ ಒಂದೇ ಮರದಾಗವೆ ಕಣಮ್ಮ!"

ಆಫೀಸರಮ್ಮ ಅದನ್ನು ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮಾವ ಅಷ್ಟಕ್ಕೇ ಬಿಡದೆ, 'ಪ್ಲಾಸ್ಟಿಕ್ ಬೇಡ' ಎಂದು ನಾನು ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ಮಾಡಿದ್ದ ಬ್ಯಾನರನ್ನು ಬೆರಳಿನಿಂದ ತಟ್ಟಿ ನನ್ನ ಮುಖ ನೋಡಿದರು. ನಾನು ಕಂಪ್ಯೂಟರಿನಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದೆ. ಬ್ರಷ್ ಮಾತ್ರ ಮಾವನ ಮೊಪೆಡ್ಡಿನ ಚೈನು ಉಜ್ಜಲು ಹೋಯಿತು.

ಮೈಕಿನಲ್ಲಿ ಹೇಳಬೇಕಾದ್ದನ್ನು ಎರಡೂ ಭಾಷೆಯಲ್ಲಿ ಬರೆದುಕೊಟ್ಟೆ: 'ಉಚಿತ ದಂತ ಶಿಬಿರ.' ಮಾವ ಓದಿ ಮೂಗು ಮುರಿದರು. "ದಂತ ಅಂದ್ರೆ ಆನೇದು ಕಣಮ್ಮ! ಜನ ಆನೆ ಬತ್ತದೆ ಅಂತ ಮಕ್ಕಳ್ನ ಎತ್ಕಂಡ್ ಬತ್ತಾರೆ."

ಮೊದಲ ದಿನ ಪೇಟೆಯಲ್ಲಿ 'ಪನ್ನು' ಎಂದು ಕೂಗಿದರಂತೆ. ತೆಲುಗಿನಲ್ಲಿ ಪನ್ನು ಎಂದರೆ ಹಲ್ಲು. ಆದರೆ ತೆರಿಗೆಗೂ ಅದೇ ಮಾತು! "ನಾಡಿದ್ದು ಆಫೀಸರುಗಳು ಬಂದು ಎಲ್ಲಾರ್ದೂ ಪನ್ನು ಪರೀಕ್ಷೆ ಮಾಡ್ತಾರೆ" ಎಂದು ಮೈಕಿನಲ್ಲಿ ಕೇಳಿದ್ದೇ ತಡ, ಕಿರಾಣಿ ಅಂಗಡಿಯಿಂದ ಹಿಡಿದು ಪಾತ್ರೆ ಅಂಗಡಿಯವರೆಗೆ ಸಾಲಾಗಿ ಷಟರು ಇಳಿದವು.

ಎರಡನೆಯ ದಿನ ಏಕವಚನ ಬಿಟ್ಟು ಬಹುವಚನ ಹಿಡಿದರು: 'ಪಂಡ್ಲು.' ನಮ್ಮ ಕಡೆಯ ತೆಲುಗಿನಲ್ಲಿ ಪಂಡ್ಲು ಎಂದರೆ ಹಲ್ಲುಗಳೂ ಹೌದು, ಹಣ್ಣುಗಳೂ ಹೌದು! ಆಟೋ ಊರೂರು ಸುತ್ತಿತು. "ಪಂಡ್ಲು ಪುಕ್ಕಟೆ ಕಣ್ರಪ್ಪೋ! ಪಂಡ್ಲು ಪುಕ್ಕಟೆ! ಕೆಟ್ಟೋಗಿದ್ರೆ ತಗದಾಕಿ ಹೊಸ ಪಂಡ್ಲು ಕೊಡ್ತಾರೆ! ಗಿಡಾನೂ ಕೊಡ್ತಾರೆ! ಹೆಂಗಸ್ರು ಮುಂದೆ ಬರ್ರೀ!"

ನಾನು ಶಿಬಿರದ ದಿನ ಬ್ಯಾನರ್ ಕಟ್ಟಿಸಲು ಹೋದರೆ ಶಾಲೆಯ ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ಕೈಯಲ್ಲೂ ಚೀಲ, ಮಂಕರಿ. ಒಬ್ಬ ತಳ್ಳುಗಾಡಿಯನ್ನೇ ತಂದಿದ್ದ. ಇನ್ನೊಬ್ಬಾಕೆ ಕೊಳೆತ ಬಾಳೆಹಣ್ಣಿನ ಬುಟ್ಟಿ ಹೊತ್ತು ಬಂದಿದ್ದಳು, ಕೊಟ್ಟು ಹೊಸದು ತೆಗೆದುಕೊಳ್ಳಲು! ಡಾಕ್ಟರಮ್ಮ ಮೊದಲ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ "ಬಾಯಿ ತೆಗೀರಿ ಅಜ್ಜಿ" ಎಂದರು. ಅಜ್ಜಿ ಚೀಲದ ಬಾಯಿ ತೆಗೆಯಿತು! "ಚೀಲದ್ದಲ್ಲ ಅಜ್ಜಿ, ನಿಮ್ಮ ಬಾಯಿ" ಎಂದರೆ, "ನನ್ ಬಾಯ್ಯಾಕೆ? ಮದ್ಲು ಹಣ್ಣು ತೋರ್ಸು!"

ಅಷ್ಟು ಅಚ್ಚುಕಟ್ಟಾಗಿ ಎರಡು ಭಾಷೆಯಲ್ಲಿ ಬರೆದು, ಹಲ್ಲಿನ ಚಿತ್ರ ಹಾಕಿ, ಗುಲಾಬಿ ಅಂಚು ಕೊಟ್ಟಿದ್ದ ನನ್ನ ಬ್ಯಾನರನ್ನು ಯಾರೂ ಓದಿಯೇ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ಮಾವನನ್ನು ಹುಡುಕಿಕೊಂಡು ಹೊರಟೆ. ಅವರು ಗಿಡಗಳ ರಾಶಿಯ ಪಕ್ಕ ಬೇವಿನ ಕಡ್ಡಿ ಕಡಿಯುತ್ತ ನಿಂತಿದ್ದರು.

"ಏನ್ ಮಾವ ಇದು! ನಾನು ಬರ್ಕೊಟ್ಟಿದ್ದೇನು, ನೀನು ಕೂಗಿದ್ದೇನು? ನನ್ನ ಮಾನ ಕಳೆದ್ಯಲ್ಲ!"

ಮಾವ ಬಾಯಿಂದ ಕಡ್ಡಿ ತೆಗೆದರು. ಕಡ್ಡಿ ಹಿಡಿದ ಕೈಯಿಂದ ಹೆಂಗಸರ ಸಾಲಿನ ಕಡೆ ತೋರಿಸಿದರು.

ಸಾಲಿನ ನಡುವೆ, ಬೀದಿಯ ಹೆಂಗಸರ ಜೊತೆ, ಕೈಯಲ್ಲಿ ಖಾಲಿ ಚೀಲ ಹಿಡಿದು, ಬಾಯಿಗೆ ಸೆರಗು ಒತ್ತಿಕೊಂಡು ನಮ್ಮ ಅತ್ತೆ ನಿಂತಿದ್ದರು.

"ಹಲ್ಲು ಅಂದಿದ್ರೆ ಬತ್ತಿದ್ಲಾ?" ಎಂದರು ಮಾವ ಮೆಲ್ಲಗೆ. "ಹಣ್ಣಿನ ಗಿಡ ಅಂದ್ರೆ ಪ್ರಾಣ ಬಿಡ್ತಾಳೆ. ಅವಳೊಬ್ಬಳಿಗೇ ಹೇಳಿದ್ರೆ ನನ್ ಮಾತು ನಂಬಾಕಿಲ್ಲ. ಊರಿಗೂರೇ ಹೊಂಟ್ರೆ ಹಿಂದೆ ಬತ್ತಾಳೆ ಅಂತ..."

ಆಗ ನನಗೆ ಹೊಳೆಯಿತು. ಕನ್ನಡದಲ್ಲಿ ಹಲ್ಲು ಬೇರೆ, ಹಣ್ಣು ಬೇರೆ. ಕುಂದುರ್ಪಿಯ ಕನ್ನಡದ ಬೀದಿಗಳಲ್ಲಿ 'ಹಲ್ಲು' ಎಂದಿದ್ದರೆ ಮುಗಿದಿತ್ತು. ಅಲ್ಲೂ ಈ ಮನುಷ್ಯ 'ಪಂಡ್ಲು' ಎಂದೇ ಕೂಗಿದ್ದರು! ಒಬ್ಬಳು ಹೆಂಡತಿಯನ್ನು ಹಲ್ಲಿನ ಡಾಕ್ಟರ ಮುಂದೆ ಕೂರಿಸಲು ಒಂದು ತಾಲ್ಲೂಕಿಗೇ ಸುಳ್ಳು ಹೇಳಿದ್ದರು. ಅಲ್ಲ, ಸುಳ್ಳು ಎನ್ನುವಂತೆಯೂ ಇರಲಿಲ್ಲ.

ಸಾಲಿನಲ್ಲಿ ಗಲಾಟೆ ಎದ್ದಿತ್ತು. ಮೋಸ ಹೋದದ್ದು ಗೊತ್ತಾಗಿ ಮೊದಲು ಬೈದರು, ಆಮೇಲೆ ಒಬ್ಬರ ಚೀಲ ಒಬ್ಬರು ನೋಡಿ ನಗತೊಡಗಿದರು. ನಕ್ಕರೆ ಏನು ಕಾಣಬೇಕು? ಒಬ್ಬರಿಗೆ ಮೇಲೆ ಎರಡಿಲ್ಲ, ಒಬ್ಬರಿಗೆ ಕೆಳಗೆ ನಾಲ್ಕಿಲ್ಲ, ಹಾರ ತಂದಿದ್ದ ಅಜ್ಜಿಗೆ ಒಂದೂ ಇಲ್ಲ! ಅರ್ಧ ಸಾಲು ಮಗ್ಗದ ಮನೆಯವರೇ, ಎಲ್ಲರೂ ಎಳೆ ಕಚ್ಚಿದವರೇ. ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆ ಆ ಬಾಯಿಗಳನ್ನೆಲ್ಲ ನೋಡಿದರು. ಆಮೇಲೆ ಭುಜ ಅಲುಗಿತು, ಸೆರಗು ಜಾರಿತು, ಆ ಹಳೆಯ ನಗು ಮೈದಾನದ ತುಂಬ ಕೇಳಿಸಿತು. ನಕ್ಕ ಬಾಯಿ ಮುಚ್ಚುವಷ್ಟರಲ್ಲಿ ಡಾಕ್ಟರಮ್ಮ ನೋಡಿ ಹೆಸರು ಬರೆದುಕೊಂಡಾಗಿತ್ತು.

ಕಂಪನಿಯ ವರದಿಯಲ್ಲಿ 'ಬಾಯಿಯ ಆರೋಗ್ಯದ ಬಗ್ಗೆ ಜನರಲ್ಲಿ ಅಪೂರ್ವ ಜಾಗೃತಿ' ಎಂದು ಬರೆದಿದ್ದರಂತೆ. ಬರೆಯಲಿ ಬಿಡಿ, ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಮಾವ ಒಂದು ಬೇವಿನ ಗಿಡ ತೆಗೆದುಕೊಂಡರು, "ನಮ್ ಮೊಮ್ಮಕ್ಕಳ ಬ್ರಷ್ಷು" ಎಂದು. ಅತ್ತೆ ಒಂದು ಸೀಬೆ ಗಿಡ ಆರಿಸಿಕೊಂಡರು.

ಅಳತೆ ತೆಗೆದು, ಎರಡು ಸಲ ಸರಿಮಾಡಿ, ಸೆಟ್ಟು ಬಂತು. ಬಂದರೇನು? ಅತ್ತೆ ಅದನ್ನು ಒಡವೆಯಂತೆ ಡಬ್ಬಿಯಲ್ಲಿಟ್ಟರು. ದೇವಸ್ಥಾನಕ್ಕೆ ಹೋಗುವಾಗ ಹಾಕಿಕೊಳ್ಳುವುದು, ಊಟಕ್ಕೆ ಕೂರುವಾಗ ತೆಗೆದಿಡುವುದು! "ಕಚ್ಚಿದ್ರೆ ಮುರಿದೋದಾವು" ಎಂಬ ಭಯ. ಮುದ್ದೆ ನುಂಗುವುದು ತಪ್ಪಲಿಲ್ಲ. ಮಾವ ಫೋನಿನಲ್ಲಿ ನಿಟ್ಟುಸಿರುಬಿಡುತ್ತಿದ್ದರು: "ನಗ್ತಾಳೆ ಕಣಮ್ಮ, ಆದ್ರೆ ಕಚ್ಚಲ್ಲ." ಇನ್ನು ಹೆಂಡತಿ ಕಚ್ಚುವುದಿಲ್ಲವೆಂದು ದುಃಖಪಟ್ಟ ಗಂಡಸು ಆಂಧ್ರ ಕರ್ನಾಟಕ ಎರಡರಲ್ಲೂ ಇವರೊಬ್ಬರೇ ಇರಬೇಕು.

ಎರಡು ಮಳೆಗಾಲ ಕಳೆದವು. ಕಳೆದ ವಾರ ಮಧ್ಯಾಹ್ನ, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಬೆವರು ಸುರಿಸುತ್ತ ಮಾವ ನನ್ನ ಅಂಗಡಿಗೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ. ಜೇಬಿನಿಂದ ಕರವಸ್ತ್ರದ ಗಂಟು ತೆಗೆದು, ಯಾವಾಗಲೂ ಹಲ್ಲಿನಿಂದ ಬಿಚ್ಚುವವರು ಅಂದು ಬೆರಳಿನಿಂದ ನಿಧಾನವಾಗಿ ಬಿಚ್ಚಿದರು. ಒಳಗೆ ಒಂದು ಸೀಬೆಹಣ್ಣು. ಒಂದು ಬದಿ ಕಚ್ಚಿದ್ದು, ಕಚ್ಚಿದ ಜಾಗ ಕಂದಿತ್ತು.

"ನಿಮ್ಮತ್ತೇದು" ಎಂದರು. "ನಮ್ ಗಿಡದ್ದೇ ಮದಲ್ನೇ ಹಣ್ಣು. ಗುರುತು ನೋಡು, ಮ್ಯಾಲೆ ನಾಲ್ಕು, ಕೆಳಗೆ ನಾಲ್ಕು. ಎಣಿಸ್ಕಾ."

ಎಣಿಸಿದೆ. ಎಣಿಸಿ ತಲೆಯೆತ್ತಿದರೆ, ಊರಿಗೆಲ್ಲ ಹಲ್ಲು ತೋರಿಸುವ ಮಾವ ತುಟಿ ಬಿಗಿಹಿಡಿದು ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಏನು ಮಾಡಬೇಕೋ ತೋಚದೆ, ಅತ್ತೆಯ ಎಂಜಲು ನನಗೇನು ಹೊಸದೇ ಎಂದು, ಆ ಹಣ್ಣನ್ನು ಇನ್ನೊಂದು ಬದಿಯಿಂದ ಕಚ್ಚಲು ಬಾಯಿಗೆತ್ತಿದೆ.

ಮಾವ ಗಾಬರಿಯಿಂದ ಕಸಿದುಕೊಂಡರು.

"ಏಯ್, ತಿನ್ಬ್ಯಾಡ ಕಣಮ್ಮ! ತೋರಿಸ್ಕಂಡು ವಾಪಸ್ ತಗಂಡ್ ಬಾ ಅಂದವ್ಳೆ. ಮಿಕ್ಕಿದ್ದು ಅವಳೇ ತಿಂತಾಳಂತೆ."

ಹಣ್ಣನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿ, ಜೇಬಿನಲ್ಲಿಟ್ಟುಕೊಂಡು, ನೀರನ್ನೂ ಕುಡಿಯದೆ ಬಸ್ಸಿಗೆ ಓಡಿದರು.