ಗಡ್ಡದ ಓತಿಕ್ಯಾತದ ಉಪಾಹಾರ ಕುರಿತ ನಡಾವಳಿ

ಬೂರಂಡೀನ್ ಊರು ಸ್ಥಾಪನೆಯಾದದ್ದು ಒಂದು ಗಡ್ಡದ ಓತಿಕ್ಯಾತದ ಒಪ್ಪಿಗೆಯ ಮೇರೆಗೆ. ಹಾಗೆಂದು ಕೌನ್ಸಿಲ್ ಕಚೇರಿಯ ಮೆಟ್ಟಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಕೊರೆಯಲಾಗಿದೆ. ಆದ್ದರಿಂದ ಅದು ಸತ್ಯ. ನೀರಿಲ್ಲದೆ ಕಂಗೆಟ್ಟಿದ್ದ ಕ್ಯಾಪ್ಟನ್ ಹೋರೇಸ್ ಪಿಮ್, ಮರದ ಬೊಡ್ಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಓತಿಕ್ಯಾತವನ್ನು ಕಂಡು, "ಇಲ್ಲೇ ನೆಲೆಸೋಣವೇ?" ಎಂದು ಕೇಳಿದನಂತೆ. ಅದು ನಿಧಾನವಾಗಿ ಬಲಗೈ ಎತ್ತಿತಂತೆ.

ಥೆಲ್ಮಾ ಟ್ರೆವೆನಾ ಈ ಕಥೆಯನ್ನು ಐದನೆಯ ವಯಸ್ಸಿನಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದಳು. ಮೂರನೆಯ ತರಗತಿಯಲ್ಲಿ ಅದರ ಬಗ್ಗೆ ಎರಡು ಪ್ರಶ್ನೆ ಎತ್ತಿದಳು. ಆ ದಿನ ಓತಿಕ್ಯಾತಕ್ಕೆ ಬೇರೆ ಯಾವುದಾದರೂ ಪ್ರಶ್ನೆ ಕೇಳಿ, ಅದು ಕೈ ಎತ್ತದೆ ಇದ್ದದ್ದುಂಟೇ ಎಂಬುದು ಮೊದಲನೆಯದು. ಅದಕ್ಕೆ ಅವಳನ್ನು ತರಗತಿಯಿಂದ ಹೊರಗೆ ನಿಲ್ಲಿಸಿದರು. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಜನ ವಾಸವಾಗಿದ್ದಾಗ ಅವರನ್ನು ಬಿಟ್ಟು ಓತಿಕ್ಯಾತವನ್ನೇ ಕೇಳಿದ್ದೇಕೆ ಎಂಬುದು ಎರಡನೆಯದು. ಅದಕ್ಕೆ ಮನೆಗೆ ಪತ್ರ ಬಂತು.

ಮುಂದೆ ಅವಳು ಸಿಡ್ನಿಯಲ್ಲಿ ದಾಖಲೆ ನಿರ್ವಹಣೆಯ ಪದವಿ ಪಡೆದು, ಅಲ್ಲಿಯೇ ಬಹುಕಾಲ ಕೆಲಸ ಮಾಡಿ, ಹಿಂದಿನ ವರ್ಷವಷ್ಟೇ ಊರಿಗೆ ಮರಳಿ ಕೌನ್ಸಿಲ್‌ನಲ್ಲಿ ನಡಾವಳಿ ಬರೆಯುವ ಹುದ್ದೆಗೆ ಸೇರಿದ್ದಳು. ಕಣ್ಣಾರೆ ಕಾಣದ್ದನ್ನು ಬರೆಯಬಾರದೆಂಬ ಒಂದೇ ನಿಯಮ ಅವಳಿಗಿತ್ತು. ಕಚೇರಿಯಲ್ಲಿ ಅದನ್ನು ಅವಳ ಆರೋಗ್ಯದ ತೊಂದರೆ ಎಂಬಂತೆ ಸಹಿಸಿಕೊಂಡಿದ್ದರು.

ಊರಿಗೆ ನೂರೈವತ್ತು ವರ್ಷ ತುಂಬಿದ ಪ್ರಯುಕ್ತ ಒಂದು ಸಜೀವ ಲಾಂಛನವನ್ನು ಹೊಂದತಕ್ಕದ್ದೆಂದು ಮೇಯರ್ ಬಾರ್ನಿ ಕ್ವಿಲ್ಟಿ ಆದೇಶಿಸಿದರು. ಅವರು ದಪ್ಪ ಮನುಷ್ಯ. ಅಂಗಿಯ ಎರಡನೆಯ ಗುಂಡಿಯವರೆಗೆ ಇಳಿದ ಗಡ್ಡಕ್ಕೆ ಪ್ರತಿ ಶುಕ್ರವಾರ ಕಪ್ಪು ಬಣ್ಣ ಬಳಿಯುತ್ತಿದ್ದರು. ಪರವಾನಗಿಯುಳ್ಳ ಸಾಕಣೆದಾರರಿಂದ ಎರಡು ತಿಂಗಳ ಮರಿಯೊಂದು ಬಂತು. ಕಾಯ್ದೆಯ ಪ್ರಕಾರ ಅದನ್ನು ಸಾಕಲು ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಪರವಾನಗಿ ಬೇಕಿತ್ತು. ಕಚೇರಿಗೆ ಎಲ್ಲರಿಗಿಂತ ಕಡೆಗೆ ಸೇರಿದವಳೆಂಬ ಅರ್ಹತೆಯ ಮೇಲೆ ಅದು ಥೆಲ್ಮಾಳ ಹೆಸರಿಗೆ ಆಯಿತು. ಅವಳು ಅಂಚೆಯ ತಕ್ಕಡಿಯಲ್ಲಿ ಮರಿಯನ್ನು ತೂಗಿದಳು: ಇಪ್ಪತ್ತು ಗ್ರಾಂ. ನಗೆಟ್ ಎಂದು ಹೆಸರಿಟ್ಟು, ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟಳು. ಸಾಕಣೆಯ ಕೈಪಿಡಿ ತರಿಸಿ, ಮೊದಲ ಅಧ್ಯಾಯಗಳನ್ನು ಓದಿ, ಬೇಕಾದ ವಸ್ತುಗಳ ಪಟ್ಟಿಯನ್ನು ನಿಯಮಪಾಲನಾ ಅಧಿಕಾರಿ ನೆವಿಲ್ ಪ್ರಾಜರ್‌ಗೆ ಕಳಿಸಿದಳು.

ನೆವಿಲ್ ಪಟ್ಟಿ ಹಿಡಿದುಕೊಂಡೇ ಬಂದ.

"ಥೆಲ್ಮಾ, ಇಲ್ಲಿ ಜಿರಳೆ ಅಂತ ಬರ್ದಿದ್ದೀಯಲ್ಲ. ತಮಾಷೆನಾ?"

"ಮರಿ ಜಿರಳೆ, ನೆವಿಲ್. ಇದರ ಎರಡು ಕಣ್ಣಿನ ನಡುವೆ ಎಷ್ಟು ಜಾಗ ಇದೆಯೋ, ಅದಕ್ಕಿಂತ ದಪ್ಪ ಇರಬಾರ್ದು. ಮೇಲೆ ಸುಣ್ಣದಂಶದ ಪುಡಿ ಉದುರಿಸ್ಬೇಕು. ದಿನಕ್ಕೆ ಮೂರು ಹೊತ್ತು. ಜೊತೆಗೆ ಸಣ್ಣಗೆ ಹೆಚ್ಚಿದ ಸೊಪ್ಪು."

"ತಾಯೀ, ಈ ಕಟ್ಟಡದಲ್ಲಿ ಜಿರಳೆ ಸಾಯ್ಸೋಕೆ ನಾವು ಗುತ್ತಿಗೆ ಕೊಟ್ಟಿದ್ದೀವಿ. ಅದೇ ಕಟ್ಟಡಕ್ಕೆ ಜಿರಳೆ ತರ್ಸೋಕೆ ನಾನು ಸಹಿ ಹಾಕಿದ್ರೆ, ನಾಳೆ ನನ್ನನ್ನೇ ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರೆ."

"ಹಾಗಾದ್ರೆ ಕಟ್ಟಡದಲ್ಲಿ ಇರೋದನ್ನೇ ಹಿಡಿದು ಹಾಕ್ಲಾ?"

"ಅವು ವಿಷ ತಿಂದಿರ್ತವೆ. ಅಲ್ದೆ ಅವು ಈಗ ಗುತ್ತಿಗೆದಾರನ ಸುಪರ್ದಿನಲ್ಲಿವೆ."

ಮೂರು ದಿನ ಥೆಲ್ಮಾ ತನ್ನ ಹಿತ್ತಿಲಲ್ಲಿ ಸಣ್ಣ ಮಿಡತೆಗಳನ್ನು ಹಿಡಿದು, ಬೆಂಕಿಪೊಟ್ಟಣದಲ್ಲಿ ತಂದು ಹಾಕಿದಳು. ನಾಲ್ಕನೆಯ ದಿನ ಪೆಟ್ಟಿಗೆಯ ಮೂಲೆಯಲ್ಲಿ ನೆವಿಲ್‌ಗೆ ಒಂದು ಮಿಡತೆಯ ಕಾಲು ಸಿಕ್ಕಿತು. ಅದನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿದ. ಕೌನ್ಸಿಲ್‌ನ ಲಾಂಛನಕ್ಕೆ ಖಾಸಗಿಯಾಗಿ ಉಡುಗೊರೆ ಕೊಡುವುದು ಪ್ರಭಾವ ಬೀರುವ ಯತ್ನವೆಂದು ವಿವರಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡ. ಅವನು ಕೆಟ್ಟ ಮನುಷ್ಯನಲ್ಲ. ಪ್ರತಿ ಬೆಳಿಗ್ಗೆ ನಗೆಟ್‌ಗೆ ಶುಭೋದಯ ಹೇಳುತ್ತಿದ್ದ.

ಎರಡು ದಿನಗಳಲ್ಲಿ ಮರಿಯ ಸೊಂಟದ ಮೂಳೆಗಳು ಚರ್ಮದಡಿ ಎದ್ದು ಕಂಡವು. ಬಾಲದ ಬುಡ ಸುಕ್ಕುಗಟ್ಟಿತು. ಥೆಲ್ಮಾ ಖರೀದಿ ಸಂಹಿತೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಳು. ತಿನ್ನುವ ವಸ್ತುಗಳಿಗೆ ಅದರಲ್ಲಿ ಒಂದೇ ಶೀರ್ಷಿಕೆಯಿತ್ತು: ಸದಸ್ಯರ ಉಪಾಹಾರ.

"ನೆವಿಲ್, ಸದಸ್ಯ ಅಂದ್ರೆ ಮನುಷ್ಯನೇ ಆಗಿರ್ಬೇಕು ಅಂತ ಎಲ್ಲಾದ್ರೂ ಇದ್ಯಾ?"

ನೆವಿಲ್ ಮಧ್ಯಾಹ್ನವೆಲ್ಲ ಹುಡುಕಿದ. ಎಲ್ಲಿಯೂ ಇರಲಿಲ್ಲ. ಯಾರೂ ಸ್ಪರ್ಧಿಸದ ಕಾರಣ ಏಳು ಕುರ್ಚಿಗಳಲ್ಲಿ ಒಂದು ಖಾಲಿಯೇ ಇತ್ತು. ಹೀಗೆ ನಗೆಟ್ ಕೌನ್ಸಿಲ್‌ಗೆ ನಾಮನಿರ್ದೇಶನಗೊಂಡಿತು.

"ಒಂದು ಮಾತು ನೆನಪಿಟ್ಕೋ," ಎಂದ ನೆವಿಲ್. "ಅಡುಗೆಮನೆಯವ್ರು ಉಪಾಹಾರದ ಪಟ್ಟೀನ ನಿನ್ನ ನಡಾವಳಿಯ 'ಪರ' ಅಂಕಣ ನೋಡಿ ನಕಲು ಮಾಡ್ಕೋತಾರೆ. ಮೊದ್ಲಿಂದ್ಲೂ ಹಂಗೇ. ಪರವಾಗಿ ಕೈ ಎತ್ತಿದವ್ರಿಗೆ ಮಾತ್ರ ತಟ್ಟೆ."

"ವಿರೋಧಿಸಿದವ್ರಿಗೆ?"

ನೆವಿಲ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ.

ಮೊದಲ ಸಭೆಯ ದಿನ ಥೆಲ್ಮಾ ನಗೆಟ್‌ನ ಪೆಟ್ಟಿಗೆಯನ್ನು ಏಳನೆಯ ಕುರ್ಚಿಯ ಮುಂದೆ ಮೇಜಿನ ಮೇಲಿಟ್ಟಳು. ಮೇಯರರ ಉಣ್ಣೆ ಕತ್ತರಿಸುವ ಕೊಟ್ಟಿಗೆಯವರೆಗೆ ಸಾರ್ವಜನಿಕ ಹಿತದೃಷ್ಟಿಯಿಂದ ಡಾಂಬರು ರಸ್ತೆ ಹಾಕುವುದು ಅಂದಿನ ವಿಷಯ. ಮೇಯರರು ಎದ್ದು ನಿಂತು, ಮೇಜಿನ ಮೇಲೆ ಬಾಗಿ, "ಪರವಾಗಿರುವವರು?" ಎಂದರು. ಕೌನ್ಸಿಲರುಗಳು ಕೈ ಎತ್ತಿದರು. ನಗೆಟ್ ತನ್ನ ಮೇಲೆ ಕವಿದ ಆ ಬೃಹತ್ ಕಪ್ಪು ಗಡ್ಡವನ್ನು ನೋಡಿತು. ನೋಡಿ, ನಿಧಾನವಾಗಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಬಲಗೈ ಎತ್ತಿತು.

"ಎಲಾ ಇವನ!" ಎಂದರು ಹಿರಿಯ ಕೌನ್ಸಿಲರ್ ಗ್ವೆನ್ ಹ್ಯಾಸ್ಕೆಟ್. "ನಮ್ಮ ಯಜಮಾನ್ರಿಗೆ ನಲವತ್ತು ವರ್ಷ ಹೇಳ್ಕೊಟ್ರೂ ಇಷ್ಟು ಚೆಂದವಾಗಿ ಒಪ್ಕೊಳ್ಳೋಕೆ ಬರ್ಲಿಲ್ಲ."

ಥೆಲ್ಮಾ ಕಂಡದ್ದನ್ನೇ ಬರೆದಳು: ನಗೆಟ್, ಕೈ ಎತ್ತಿದೆ, ಪರ. ಅರ್ಧ ಗಂಟೆಯಲ್ಲಿ ಆರು ತಟ್ಟೆ ಸ್ಯಾಂಡ್‌ವಿಚ್, ಒಂದು ತಟ್ಟೆ ಮರಿ ಜಿರಳೆ ಬಂತು. ನಗೆಟ್ ಹದಿನಾಲ್ಕು ತಿಂದಿತು.

ಆದರೆ ಸಭೆ ತಿಂಗಳಿಗೊಮ್ಮೆ ನಡೆಯುತ್ತಿತ್ತು. ಮರಿಗೆ ಹಸಿವು ದಿನಕ್ಕೆ ಮೂರು ಬಾರಿ ಆಗುತ್ತಿತ್ತು. ಈ ವ್ಯತ್ಯಾಸವನ್ನು ಥೆಲ್ಮಾ ಲಿಖಿತವಾಗಿ ಗಮನಕ್ಕೆ ತಂದಳು. ಮರುದಿನ ಸೂಚನಾ ಫಲಕದಲ್ಲಿ ಹೀಗೆ ಪ್ರಕಟವಾಯಿತು:

"ಸಾರ್ವಜನಿಕರ ಗಮನಕ್ಕೆ. ಸನ್ಮಾನ್ಯ ಸದಸ್ಯರೊಬ್ಬರ ಜೀರ್ಣಕ್ರಿಯೆಯನ್ನು ಪರಿಗಣಿಸಿ, ಇನ್ನು ಮುಂದೆ ಕೌನ್ಸಿಲ್ ಸಭೆಯು ಪ್ರತಿದಿನ ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು ಹಾಗೂ ಸಂಜೆ ನಾಲ್ಕಕ್ಕೆ ಸೇರತಕ್ಕದ್ದು. ಸಭಾ ಭತ್ಯೆಯು ಎಂದಿನಂತೆ ಪ್ರತಿ ಸಭೆಗೂ ಅನ್ವಯಿಸತಕ್ಕದ್ದು."

ಈ ತ್ಯಾಗಕ್ಕೆ ಯಾವ ಕೌನ್ಸಿಲರೂ ಹಿಂಜರಿಯಲಿಲ್ಲ. ಬೆಳಗಿನ ಸಭೆ ಹಿಂದಿನ ಸಂಜೆಯ ನಡಾವಳಿಯನ್ನು ದೃಢೀಕರಿಸಿತು, ಮಧ್ಯಾಹ್ನದ್ದು ಬೆಳಗಿನದನ್ನು, ಸಂಜೆಯದು ಮಧ್ಯಾಹ್ನದ್ದನ್ನು. ನಡುನಡುವೆ ಮೇಯರರ ಕೊಟ್ಟಿಗೆಗೆ ದೀಪ, ಕೊಳಾಯಿ ಮತ್ತು ಗ್ರಂಥಾಲಯದ ಶಾಖೆಯೊಂದು ಮಂಜೂರಾದವು. ಪ್ರತಿ ಸಲ ಗಡ್ಡ ಬಾಗಿತು, ಪ್ರತಿ ಸಲ ನಗೆಟ್ ಕೈ ಎತ್ತಿತು.

ಜನವರಿಯ ಬಿರುಬೇಸಿಗೆಯಲ್ಲಿ, ಕಾಳ್ಗಿಚ್ಚಿನ ಭಯದಿಂದ, ಸಂಪೂರ್ಣ ಬೆಂಕಿ ನಿಷೇಧ ಜಾರಿಗೆ ಬಂತು. ನೆವಿಲ್ ಬಂದು ಪೆಟ್ಟಿಗೆಯೊಳಗಿನ ಬಿಸಿ ದೀಪವನ್ನು ಆರಿಸಿದ.

"ಅದಕ್ಕೆ ನಲವತ್ತು ಡಿಗ್ರಿ ಬೇಕು, ನೆವಿಲ್. ಮೈ ಬಿಸಿಯಾಗದಿದ್ರೆ ತಿಂದದ್ದು ಅರಗಲ್ಲ. ಈ ಕೋಣೆಯಲ್ಲಿ ಇಪ್ಪತ್ತೆರಡು ಇದೆ."

"ಹೊರಗೆ ನಲವತ್ನಾಲ್ಕು ಇದೆ. ಅದಕ್ಕೇ ನಿಷೇಧ."

ಥೆಲ್ಮಾ ತೆರೆದಿದ್ದ ಪೆಟ್ಟಿಗೆಯಿಂದ ನಗೆಟ್ ಅನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ, ಅರ್ಧ ಬಿಸಿಲು ಅರ್ಧ ನೆರಳು ಬೀಳುವ ಕಡೆ ಬಿಟ್ಟಳು. ಅದು ಮೈ ಚಪ್ಪಟೆ ಮಾಡಿ, ಬಾಯಿ ತುಸು ತೆರೆದು, ಕಣ್ಣು ಮುಚ್ಚಿತು. ನೆವಿಲ್ ಹಿಂದೆಯೇ ಬಂದು ಆಕಾಶ ನೋಡಿದ. ಕೌನ್ಸಿಲ್ ಬಳಸುವ ಪ್ರತಿಯೊಂದು ಶಾಖೋಪಕರಣಕ್ಕೂ ವಾರ್ಷಿಕ ಸುರಕ್ಷತಾ ಚೀಟಿ ಇರಬೇಕಿತ್ತು, ಸೂರ್ಯನಿಗೆ ಇರಲಿಲ್ಲ. ಅವನು ತುಂಬ ಹೊತ್ತು ಯೋಚಿಸಿ, ಸೂರ್ಯ ಕೌನ್ಸಿಲ್‌ನ ಆಸ್ತಿಯಲ್ಲವೆಂದು ಟಿಪ್ಪಣಿ ಬರೆದು ಒಳಗೆ ಹೋದ.

ಚೆನ್ನಾಗಿ ತಿಂದ ಮರಿ ಬೆಳೆಯುತ್ತದೆ. ಏಳನೆಯ ತಿಂಗಳಿಗೆ ನಗೆಟ್ ಇನ್ನೂರ ಎಂಬತ್ತು ಗ್ರಾಂ ತೂಗಿತು. ಮೇಯರರು ಬಾಗಿದಾಗ ಅದರ ಕೈ ಅರ್ಧಕ್ಕೇ ನಿಲ್ಲತೊಡಗಿತು. ಥೆಲ್ಮಾ ಇದನ್ನು ಗಮನಿಸಿದಳು, ಯಾರಿಗೂ ಹೇಳಲಿಲ್ಲ. 'ಪರ' ಅಂಕಣದಲ್ಲಿ ಹೆಸರಿಲ್ಲದ ದಿನ ತಟ್ಟೆ ಬರುವುದಿಲ್ಲ, ಬೀಗದ ಕೈ ನೆವಿಲ್‌ನ ಕುತ್ತಿಗೆಯಲ್ಲಿದೆ.

ಏಪ್ರಿಲ್‌ನ ಒಂದು ಮಂಗಳವಾರ, ಮಧ್ಯಾಹ್ನದ ಸಭೆ. ಈಜುಕೊಳವನ್ನು ಮೇಯರರ ಕೊಟ್ಟಿಗೆಯ ಹತ್ತಿರಕ್ಕೆ ಸ್ಥಳಾಂತರಿಸುವ ಗೊತ್ತುವಳಿ. ಮೇಯರರು ಬಾಗಿದರು. ಆರು ಕೈ ಮೇಲೆದ್ದವು. ನಗೆಟ್ ಕೈ ಎತ್ತಲಿಲ್ಲ. ಮುಂಗಾಲುಗಳನ್ನು ಊರಿ ಎದೆಯುಬ್ಬಿಸಿತು. ಗಂಟಲ ಮುಳ್ಳುಗಳು ಅಗಲವಾಗಿ ಬಿಚ್ಚಿಕೊಂಡವು. ಗಡ್ಡ ಇದ್ದಿಲಿನ ಹಾಗೆ ಕಪ್ಪಗಾಯಿತು. ಅದು ಮೇಯರರ ಕಣ್ಣಲ್ಲಿ ಕಣ್ಣಿಟ್ಟು ತಲೆಯನ್ನು ಮೇಲಕ್ಕೂ ಕೆಳಕ್ಕೂ, ರಭಸದಿಂದ, ಒಂದೇ ಸಮನೆ ಆಡಿಸಿತು.

ಥೆಲ್ಮಾ ಹಿಂದಿನ ವಾರವಷ್ಟೇ ಕೈಪಿಡಿಯ ಉಳಿದ ಅಧ್ಯಾಯಗಳನ್ನು ಓದಿದ್ದಳು. ಈ ಜಾಗ ನನ್ನದು, ನೀನು ತೊಲಗು ಎಂಬುದು ಆ ಚಲನೆಯ ಅರ್ಥ. ಅವಳ ಪೆನ್ನು ಎರಡು ಅಂಕಣಗಳ ನಡುವಿನ ಗೆರೆಯ ಮೇಲೆ ನಿಂತಿತು.

"ಏನಮ್ಮಾ ಅದು?" ಎಂದರು ಮೇಯರರು. ಅವರು ಅರಿವಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು. "ಕೈ ಎತ್ತಲಿಲ್ವಲ್ಲ?"

ಥೆಲ್ಮಾ ಪೆಟ್ಟಿಗೆಯ ಕಡೆ ನೋಡಿದಳು. ಬೆಳಗಿನ ಸಭೆಯಲ್ಲಿ ನಗೆಟ್ ತಿಂದದ್ದು ನಾಲ್ಕೇ ಎಲೆ.

"ತಲೆ ಆಡಿಸ್ತಾ ಇದೆ, ಸರ್," ಎಂದಳು. ಅದು ಕಣ್ಣಾರೆ ಕಂಡದ್ದೇ ಆಗಿತ್ತು.

ಮೇಯರರ ಮುಖ ಅರಳಿತು. "ನೋಡ್ರೋ, ಬರೀ ಕೈ ಅಲ್ಲ, ತಲೇನೇ ತೂಗ್ತಿದೆ! ನಿಮ್ಮಲ್ಲಿ ಒಬ್ಬರಿಗಾದ್ರೂ ಇಷ್ಟು ಹುರುಪು ಇದ್ಯಾ?"

"ನನಗೆ ಕತ್ತು ನೋವು ಬಾರ್ನಿ, ಇಲ್ದಿದ್ರೆ ನಾನೂ ಆಡಿಸ್ತಿದ್ದೆ," ಎಂದರು ಗ್ವೆನ್.

ಥೆಲ್ಮಾ ಬರೆದಳು: ನಗೆಟ್, ಪರ. ಅವಳ ನಿಯಮಕ್ಕೆ ವಿರುದ್ಧವಾದ ಮೊದಲ ಸಾಲು ಅದು. ಅಕ್ಷರಗಳು ಎಂದಿಗಿಂತ ದುಂಡಗೆ ಬಂದವು. ತಟ್ಟೆ ಬಂತು. ಮರುದಿನದ ಬೆಳಗಿನ ಸಭೆಯಲ್ಲಿ ಮತದಾನದ ವಿಧಾನವನ್ನು ತಿದ್ದುಪಡಿ ಮಾಡಲಾಯಿತು. ಇನ್ನು ಮುಂದೆ ಒಪ್ಪಿಗೆಯನ್ನು ತಲೆ ಆಡಿಸುವ ಮೂಲಕ ಸೂಚಿಸತಕ್ಕದ್ದು. ಇದರಿಂದ ಕೈಯಲ್ಲಿ ಸ್ಯಾಂಡ್‌ವಿಚ್ ಇದ್ದಾಗಲೂ ಮತ ಚಲಾಯಿಸಲು ಅನುಕೂಲವಾಗುವುದು. ಗ್ವೆನ್ ಹ್ಯಾಸ್ಕೆಟ್‌ಗೆ ವೈದ್ಯರ ಪತ್ರದ ಮೇರೆಗೆ ವಿನಾಯಿತಿ ನೀಡಲಾಯಿತು. ಏಳು ತಲೆಗಳ ಪೈಕಿ ಆರು ದಿನಕ್ಕೆ ಮೂರು ಸಲ ಆಡುತ್ತವೆ. ಊರಿಗೆ ಅದು ಅಭ್ಯಾಸವಾಗಿದೆ.

ಕೈಪಿಡಿಯ ಅದೇ ಅಧ್ಯಾಯದಲ್ಲಿ ಕೈ ಎತ್ತುವುದರ ಅರ್ಥವೂ ಇತ್ತು. ತನಗಿಂತ ದೊಡ್ಡದು ಎದುರಾದಾಗ ಮರಿ ಹಾಗೆ ಮಾಡುತ್ತದೆ: ನಾನು ಸಣ್ಣವನು, ನನ್ನನ್ನು ಏನೂ ಮಾಡಬೇಡ. ಅದನ್ನು ಓದಿದ ಮೇಲೆ ಥೆಲ್ಮಾ ನೆಲಮಾಳಿಗೆಗೆ ಇಳಿದು, ಕ್ವಿಲ್ಟಿ ಮೇಯರ್ ಆದಂದಿನಿಂದ ಈಚಿನ ಹನ್ನೊಂದು ವರ್ಷಗಳ ನಡಾವಳಿಗಳನ್ನು ಪುಟ ಬಿಡದೆ ಪರಿಶೀಲಿಸಿದಳು. ಪ್ರತಿ ಪುಟದಲ್ಲಿಯೂ 'ವಿರೋಧ' ಎಂಬ ಅಂಕಣವಿದೆ. ಆರನೆಯ ವರ್ಷದ ಒಂದು ಪುಟದಲ್ಲಿ ಮಾತ್ರ ಆ ಅಂಕಣದೊಳಗೆ ಮಸುಕಾದ ಗುರುತೊಂದು ಕಂಡಿತು. ಅವಳು ಅದನ್ನು ಮೇಲೆ ತಂದು, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದಳು. ಅದು ಚಹಾದ ಕಲೆ.