ಇಂಜಿನ್ನಿಗೆ ಕಂಬಳಿ ಹೊದಿಸುವ ಕುರಿತು

ಸಂಬಂಧಪಟ್ಟ ಇಲಾಖೆ
(ಯಾವುದಕ್ಕೆ ಸಂಬಂಧಪಟ್ಟದ್ದು ಎಂಬುದು ಪರಿಶೀಲನೆಯಲ್ಲಿದೆ)
ಚಳಿ ಮತ್ತು ಮಂಜು ಶಾಖೆ, ಜಿಲ್ಲಾ ಕಚೇರಿ

ಸಂಖ್ಯೆ: ಸಂಇ/ಚಮಂ/ಶಾಲಾಬಸ್ಸು/ಕಂಬಳಿ/98-99
ದಿನಾಂಕ: 29-12-1998

ಸುತ್ತೋಲೆ

ವಿಷಯ: ಚಳಿಗಾಲದ ಮುಂಜಾನೆ ಶಾಲಾ ಬಸ್ಸು ಚಾಲೂ ಮಾಡುವಾಗ ಚಾಲಕರು ತೋರುತ್ತಿರುವ ಸ್ವಂತ ಬುದ್ಧಿಯನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: (1) ಉಪನಿರ್ದೇಶಕರ ತಪಾಸಣಾ ವರದಿ. (2) ಚಾಲಕ ಅಮೋಘಸಿದ್ಧ ಇವರು ನೀಡಿದ ಹೇಳಿಕೆ. (3) ಶ್ರೀಮತಿ ಹನಮವ್ವ ಇವರು ಯಾರೂ ಕೇಳದಿದ್ದಾಗಲೂ ನೀಡಿದ ಹೇಳಿಕೆ. (4) ಮಂಜು.

ಪ್ರಸ್ತಾವನೆ:

ಎಳ್ಳಮಾವಾಸ್ಯೆ ಮುಗಿದ ವಾರದ ಮಂಗಳವಾರ ಮುಂಜಾನೆ ಸಿಂದಗಿ ತಾಲೂಕಿನ ಮೇಲೆ ಯಾವುದೇ ಪೂರ್ವಾನುಮತಿ ಇಲ್ಲದೆ ಮಂಜು ಇಳಿದಿತ್ತು. ಭೀಮಾ ಹೊಳೆಯ ಕಡೆಯಿಂದ ಎದ್ದ ಸದರಿ ಮಂಜು ಕಬ್ಬಿನ ಹೊಲಗಳನ್ನು ದಾಟಿ, ಜೋಳದ ಹೊಲಗಳಲ್ಲಿ ತುಸು ಕೂತು ದಣಿವಾರಿಸಿಕೊಂಡು, ಆಲಮೇಲದ ರಸ್ತೆಯನ್ನು ಪೂರ್ತಿಯಾಗಿ ಅತಿಕ್ರಮಿಸಿತ್ತು. ಬೇವಿನ ಮರ ಇದ್ದಲ್ಲಿ ಮರ ಇರಲಿಲ್ಲ. ಹನಮಪ್ಪನ ಗುಡಿಯ ಗಂಟೆ ಕೇಳುತ್ತಿತ್ತು, ಗುಡಿ ಇರಲಿಲ್ಲ. ಇಂಡಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳಿಂದಲೂ ಇದೇ ತೆರನಾದ ದೂರುಗಳು ಬಂದಿದ್ದು, ಕೊಲ್ಹಾರದ ಹಿನ್ನೀರಿನ ಮಂಜಂತೂ ಅಧಿಕಾರಿಗಳು ಬಂದರೂ ಎದ್ದು ನಿಲ್ಲುತ್ತಿಲ್ಲವೆಂದು ವರದಿಯಾಗಿದೆ.

ಅಂದು ಆ ದಾರಿಯ ಕೊನೆಯ ಹಳ್ಳಿಯಲ್ಲಿ ರಾತ್ರಿ ವಸ್ತಿ ಇದ್ದ ಶಾಲಾ ಬಸ್ಸು ಚಾಲೂ ಆಗಲಿಲ್ಲ. ಈ ಚಳಿಗಾಲದಲ್ಲಿ ಇನ್ನೊಂದು ಸಲ ತಡವಾದರೆ ಕೆಲಸದಿಂದ ತೆಗೆಯಲಾಗುವುದೆಂದು ಅದರ ಚಾಲಕ ಅಮೋಘಸಿದ್ಧ ಇವರಿಗೆ ಮೊದಲೇ ಎಚ್ಚರಿಕೆ ನೀಡಲಾಗಿತ್ತು. ಆದ್ದರಿಂದ ತಪ್ಪು ಯಾರದೆಂದು ಹುಡುಕುವ ಶ್ರಮ ಇಲಾಖೆಗೆ ಬೀಳಲಿಲ್ಲ. ಆದಾಗ್ಯೂ, ಚಾಲಕರ ತಿಳಿವಳಿಕೆಯನ್ನು ಹದ್ದುಬಸ್ತಿನಲ್ಲಿಡುವ ಸಲುವಾಗಿ ಕೆಳಕಂಡ ನಿಯಮಗಳನ್ನು ನಾಲ್ಕೂ ತಾಲೂಕುಗಳ ಶಾಲಾ ಬಸ್ಸುಗಳಿಗೆ ಅನ್ವಯಿಸಿ ಈ ಮೂಲಕ ಹೊರಡಿಸಲಾಗಿದೆ.

1. ಕಂಬಳಿ: ಸಂಜೆ ಬಸ್ಸು ನಿಲ್ಲಿಸಿದ ಮೇಲೆ ಇಂಜಿನ್ನಿನ ಕಾವು ಆರದಂತೆ ಅದರ ಮುಚ್ಚಳದ ಮೇಲೆ ಕಂಬಳಿ ಹೊದಿಸುವ ಪದ್ಧತಿ ಕೆಲವು ಹಳ್ಳಿಗಳಲ್ಲಿ ಕಂಡುಬಂದಿದೆ. ಇಂಜಿನ್ನು ಇಲಾಖೆಯ ನೌಕರನಲ್ಲ. ಅದಕ್ಕೆ ಚಳಿಯಾಗಲು ನಿಯಮಾವಳಿಯಲ್ಲಿ ಅವಕಾಶವಿಲ್ಲ. ಸದರಿ ಹಳ್ಳಿಯಲ್ಲಿ ಈ ಕಂಬಳಿಯನ್ನು ಒದಗಿಸುತ್ತಿದ್ದವರು ಬಸ್ಸು ನಿಲ್ಲುವ ಕಟ್ಟೆಯ ಎದುರು ಮನೆಯ ಹನಮವ್ವ ಎಂಬ ವಯಸ್ಸಾದ ಹೆಣ್ಣುಮಗಳು. ಕಾರಣ ವಿಚಾರಿಸಲಾಗಿ ಅವರು ಹೇಳಿದ್ದು ಹೀಗಿದೆ: “ನನ್ನ ಗಂಡ ಕುರಿ ಕಾಯುವಾಗ ಹೊತ್ಕೊಂಡಿದ್ದ ಕಂಬಳಿರೀ ಅದು. ನಮ್ಮ ಕುರಿ ಉಣ್ಣೀದ. ಅಂವ ಹ್ವಾದ. ಪೆಟಿಗ್ಯಾಗ ಇಟ್ರ ನುಸಿ ತಿಂತೈತಿ, ಗಾಡಿಗಿ ಹೊಚ್ಚಿದ್ರ ಊರ ಹುಡುಗ್ರೆಲ್ಲಾ ಸಾಲಿ ಕಾಣ್ತಾವ.” ಮೃತ ವ್ಯಕ್ತಿಯ ಹೊದಿಕೆಯನ್ನು ಜೀವವಿಲ್ಲದ ಯಂತ್ರಕ್ಕೆ ವರ್ಗಾಯಿಸುವಾಗ ವಾರಸಾ ಪ್ರಮಾಣಪತ್ರ ಪಡೆಯದಿರುವುದು ಗಂಭೀರ ಲೋಪವಾಗಿದೆ.

2. ಜಪ್ತಿ: ಸೋಮವಾರ ಸಂಜೆ ತಪಾಸಣೆಗೆ ಬಂದ ಉಪನಿರ್ದೇಶಕರು ಸದರಿ ಕಂಬಳಿಯನ್ನು ಆಕ್ಷೇಪಾರ್ಹ ವಸ್ತುವೆಂದು ವಶಕ್ಕೆ ಪಡೆದರು. ಹಳ್ಳಿಯಲ್ಲಿ ಇಲಾಖೆಯ ಉಗ್ರಾಣ ಇಲ್ಲದ ಕಾರಣ ಅದನ್ನು ಬೆಳಗಿನವರೆಗೆ, ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ರಾತ್ರಿ ತಂಗಿದ ಸದರಿ ಅಧಿಕಾರಿಗಳ ಮೈಮೇಲೆ ಭದ್ರವಾಗಿ ಇಡಲಾಯಿತು. ಆಗ ಹನಮವ್ವ ಇವರು “ಸಾಹೇಬ್ರ, ನೀವು ಬಸ್ಸ ನೋಡಾಕ ಬಂದೀರೋ, ಕಂಬಳಿ ಒಯ್ಯಾಕ ಬಂದೀರೋ?” ಎಂದು ಪ್ರಶ್ನಿಸಿದ್ದು, ಪ್ರಶ್ನೆಯು ನಿಗದಿತ ನಮೂನೆಯಲ್ಲಿ ಇರದ ಕಾರಣ ಉತ್ತರಿಸಲಾಗಿಲ್ಲ. ಮರುದಿನ ಬಸ್ಸು ಚಾಲೂ ಆಗದಿದ್ದುದಕ್ಕೂ ಈ ಜಪ್ತಿಗೂ ಸಂಬಂಧ ಕಂಡುಬಂದಿಲ್ಲ. ಸಂಬಂಧ ಹುಡುಕಲು ರಚಿಸಿದ ಸಮಿತಿಯ ಅಧ್ಯಕ್ಷರು ಸದರಿ ಉಪನಿರ್ದೇಶಕರೇ ಆಗಿದ್ದು, ಅಂದು ಅವರು ಬೆಚ್ಚಗೆ ಮಲಗಿದ್ದರಿಂದ ಏನನ್ನೂ ನೋಡಿರುವುದಿಲ್ಲ.

3. ಬಿಸಿನೀರು: ಇಂಜಿನ್ನು ಮೊಂಡು ಹಿಡಿದಾಗ ರೇಡಿಯೇಟರಿಗೆ ಬಿಸಿನೀರು ಹಾಕುವುದನ್ನು ನಿಷೇಧಿಸಲಾಗಿದೆ. ಹನಮವ್ವ ಇವರು ದಿನಾಲು ನಸುಕಿನಲ್ಲಿ ಎದ್ದು, ಬಚ್ಚಲ ಒಲೆಗೆ ತೊಗರಿ ಕಟ್ಟಿಗೆ ಹಾಕಿ, ಒಂದು ಹಂಡೆ ನೀರನ್ನು ಬಸ್ಸಿನ ಪಾಲೆಂದು ಕಾಯಿಸುತ್ತಿದ್ದುದು ಬೆಳಕಿಗೆ ಬಂದಿದೆ. ಯಾವ ಆದೇಶದ ಮೇರೆಗೆ ಎಂದು ಕೇಳಿದಾಗ “ದೇವರು ಎಬ್ಬಿಸ್ತಾನ, ಏಳ್ತೇನಿ. ಅವಂಗ ಯಾರ ಆದೇಶ ಕೊಡ್ತಾರಂತ ನನಗ ಗೊತ್ತಿಲ್ರಿ” ಎಂದಿರುತ್ತಾರೆ. ಮಂಗಳವಾರ ಕಾದಿದ್ದ ಹಂಡೆಯ ನೀರು ಅನಧಿಕೃತವಾಗಿದ್ದರಿಂದ ಅದನ್ನು ತಕ್ಷಣ ಉಪನಿರ್ದೇಶಕರ ಸ್ನಾನಕ್ಕೆ ಬಳಸಿ ವಿಲೇವಾರಿ ಮಾಡಲಾಯಿತು. ಚಾಲಕರು ಕೊಡ ಹಿಡಿದು ಬಚ್ಚಲ ಬಾಗಿಲ ಹೊರಗೆ ಸ್ನಾನ ಮುಗಿಯುವ ತನಕ ನಿಂತಿದ್ದು ಕರ್ತವ್ಯಲೋಪವೆಂದು ದಾಖಲಾಗಿದೆ.

4. ನೂಕುವುದು: ಕಂಬಳಿ, ಬಿಸಿನೀರು ಎರಡೂ ಇಲ್ಲದ ಬಸ್ಸನ್ನು ಶಾಲೆಯ ಮಕ್ಕಳು ನೂಕಿದ್ದು ಕಂಡುಬಂದಿದೆ. ನೂಕುವಾಗ ಮಕ್ಕಳು ಪ್ರಯಾಣಿಕರೋ ಇಂಧನವೋ ಎಂಬ ಪ್ರಶ್ನೆಯನ್ನು ಮೇಲಿನ ಕಚೇರಿಗೆ ಕಳಿಸಲಾಗಿದೆ. ಉತ್ತರ ಬರುವವರೆಗೆ ನೂಕುವ ಮಕ್ಕಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೂಕತಕ್ಕದ್ದು. ಅಂದು ಉಪನಿರ್ದೇಶಕರು ನೂಕುವಿಕೆಯನ್ನು ಬಸ್ಸಿನ ಒಳಗೆ ಮುಂದಿನ ಸೀಟಿನಲ್ಲಿ ಕೂತು ಪರಿಶೀಲಿಸುತ್ತಿದ್ದಾಗ ಪ್ರಜ್ಞಾ ಎಂಬ ವಿದ್ಯಾರ್ಥಿನಿಯು ಕಿಟಕಿಯ ಬಳಿ ಬಂದು, “ಸಾಹೇಬ್ರ, ನೀವು ಇಳದ್ರ ಗಾಡಿ ಹಗರ ಆಕ್ಕೈತ್ರಿ. ಇಲ್ಲಾಂದ್ರ ನೀವೂ ಬರ್ರಿ, ಒಂದು ಕೈ ಹಚ್ಚರಿ” ಎಂದಿರುತ್ತಾಳೆ. ಅಧಿಕಾರಿಗಳ ತೂಕವು ಗೌಪ್ಯ ವಿಷಯವಾಗಿದ್ದು ವಿದ್ಯಾರ್ಥಿಗಳು ಅದರ ಬಗ್ಗೆ ಊಹಿಸಕೂಡದು.

5. ಕಾಣುವುದು: ಮಂಜಿನಲ್ಲಿ ಚಾಲಕರು ರಸ್ತೆಯನ್ನು ಕಾಣತಕ್ಕದ್ದು. ಕಾಣದಿದ್ದಲ್ಲಿ ಕಂಡಂತೆ ವರದಿ ಸಲ್ಲಿಸತಕ್ಕದ್ದು. ಹಿಂದೆ ದೀಪವಿಲ್ಲದ ಕಬ್ಬಿನ ಗಾಡಿಗಳು ಒಮ್ಮೆಲೇ ಎದುರಾಗುತ್ತವೆಂದು ಚಾಲಕರು ದೂರಿದ್ದಾರೆ. ಇಂಥ ಗಾಡಿಗಳನ್ನು ಕಾಣುವ ಮುನ್ನ ಅವುಗಳಿಗೆ ಬಲಗಡೆಯಿಂದ ಲಿಖಿತ ತಿಳಿವಳಿಕೆ ನೀಡತಕ್ಕದ್ದು. ಎತ್ತುಗಳು ತಿಳಿವಳಿಕೆ ಸ್ವೀಕರಿಸಲು ಒಪ್ಪದಿದ್ದರೆ ಕೊಂಬಿಗೆ ಅಂಟಿಸಿ ಬರುವುದು. ಇಷ್ಟು ವರ್ಷಗಳಲ್ಲಿ ಒಂದು ಮಗುವಿಗೂ ಗಾಯವಾಗದಂತೆ ಈ ದಾರಿಯಲ್ಲಿ ಬಸ್ಸು ನಡೆಸಿದ್ದೇನೆಂದು ಅಮೋಘಸಿದ್ಧ ಹೇಳಿಕೊಂಡಿದ್ದು, ಆಗದ ಅಪಘಾತಗಳ ಬಗ್ಗೆ ಇಲಾಖೆಯಲ್ಲಿ ಕಡತ ಇರುವುದಿಲ್ಲ.

6. ತೊಗರಿ: ಸುಗ್ಗಿಯ ಕಾಲದಲ್ಲಿ ರೈತರು ತೊಗರಿಯನ್ನು ಡಾಂಬರು ರಸ್ತೆಯ ಮೇಲೆ ಹರವಿ, ಹೋಗಿಬರುವ ಗಾಡಿಗಳ ಗಾಲಿಯಿಂದ ಒಕ್ಕಣೆ ಮಾಡಿಕೊಳ್ಳುವುದು ವಾಡಿಕೆ. ಶಾಲಾ ಬಸ್ಸು ಅದರ ಮೇಲೆ ಹಾಯ್ದ ಕ್ಷಣದಿಂದ ಕೃಷಿ ಉಪಕರಣವಾಗುತ್ತದೆ. ತೊಗರಿ ಮುಗಿದಲ್ಲಿ ಪುನಃ ಶಿಕ್ಷಣಕ್ಕೆ ಮರಳುತ್ತದೆ. ನಡುವಿನ ದೂರಕ್ಕೆ ಮಕ್ಕಳು ಹಾಜರಿದ್ದರೂ ಗೈರುಹಾಜರೆಂದು ಭಾವಿಸತಕ್ಕದ್ದು. ಮಕ್ಕಳ ಚೀಲದಲ್ಲಿ ಸಿಕ್ಕ ತೊಗರಿ ಕಾಳನ್ನು ಪಠ್ಯಪುಸ್ತಕವೆಂದು ಪರಿಗಣಿಸಲಾಗುವುದಿಲ್ಲ.

7. ಪ್ರಾರ್ಥನೆ: ಚಾವಿ ತಿರುವುವ ಮುನ್ನ ಚಾಲಕರು ಸ್ಟೇರಿಂಗಿಗೆ ಕೈ ಮುಗಿದು, ಊದಿನಕಡ್ಡಿ ಹಚ್ಚಿ, ಹನಮಪ್ಪನನ್ನು ನೆನೆಯುತ್ತಿರುವುದು ಗಮನಕ್ಕೆ ಬಂದಿದೆ. ಬಸ್ಸು ದೇವರಿಂದ ಚಾಲೂ ಆದಲ್ಲಿ ಚಾಲನಾ ಪರವಾನಗಿ ಯಾರ ಹೆಸರಿನಲ್ಲಿರಬೇಕೆಂಬ ತೊಡಕು ಏಳುವುದರಿಂದ, ಪ್ರಾರ್ಥನೆಯನ್ನು ಬಸ್ಸು ಚಾಲೂ ಆದ ನಂತರವೇ ಮಾಡತಕ್ಕದ್ದು. ಊದಿನಕಡ್ಡಿಯ ಕಾವು ಇಂಜಿನ್ನಿಗೆ ತಗಲದಂತೆ ಎಚ್ಚರ ವಹಿಸುವುದು.

8. ಅಮಾನತು: ಮೇಲಿನ ಎಲ್ಲ ಕಾರಣಗಳಿಂದ ಬಸ್ಸು ಶಾಲೆಗೆ ತಲುಪದ ಕಾರಣ ಚಾಲಕರನ್ನು ಸ್ಥಳದಲ್ಲಿಯೇ ಅಮಾನತುಗೊಳಿಸಿ ಬಸ್ಸಿನ ಚಾವಿಯನ್ನು ಪಡೆಯಲಾಯಿತು. ಆಗ ಅವರು ನೀಡಿದ ಹೇಳಿಕೆ: “ಕಂಬಳಿ ನೀವು ಹೊತ್ಕೊಂಡ್ರಿ, ನೀರು ನೀವು ಜಳಕಾ ಮಾಡಿದ್ರಿ. ಈಗ ಗಾಡಿ ಯಾಕ ಎದ್ದಿಲ್ಲಂತ ನನ್ನ ಕೇಳಾಕತ್ತೀರಿ. ಕಂಬಳ್ಯಾಗ ಕುಂತು ಉಂಡು ಕೂದಲಾ ಆರಿಸಿದಂಗಾತು ನಿಮ್ಮ ತಪಾಸಣಿ. ನೌಕರಿ ಹ್ವಾದ್ರ ಹೋಗವಲ್ದ್ಯಾಕ, ಈ ಹುಡುಗ್ರಿಗಿ ನಾಳೆ ಯಾರ ಬರ್ತಾರ?” ಕೊನೆಯ ಪ್ರಶ್ನೆಯನ್ನು ಸಿಬ್ಬಂದಿ ಶಾಖೆಗೆ ರವಾನಿಸಲಾಗಿದೆ.

9. ಜೀಪು: ಅಮಾನತು ಮುಗಿಸಿ ಹಿಂದಿರುಗುವಾಗ ಇಲಾಖೆಯ ಜೀಪು ಚಾಲೂ ಆಗಲಿಲ್ಲ. ಇದು ಚಳಿಯಿಂದ ಎಂಬುದನ್ನು ಇಲಾಖೆ ಒಪ್ಪುವುದಿಲ್ಲ. ಇಲಾಖೆಯ ವಾಹನಗಳಿಗೆ ಚಳಿಯಿಂದ ವಿನಾಯಿತಿ ಇದೆ. ಮೂರನೆಯ ಕಲಮಿನಂತೆ ಬಿಸಿನೀರು ನಿಷಿದ್ಧವಾದ್ದರಿಂದ ಉಪನಿರ್ದೇಶಕರು ಅದನ್ನು ಕೇಳಲಿಲ್ಲ. ಹನಮವ್ವ ಇವರು ಕೇಳದೆಯೇ ಒಲೆಯನ್ನು ಪುನಃ ಹೊತ್ತಿಸಿ, ಹಂಡೆಯ ನೀರು ಕಾಯಿಸಿ, ಕೊಡಕ್ಕೆ ತುಂಬಿ, ತಲೆಯ ಮೇಲೆ ಹೊತ್ತು ತಂದರು. ಕೊಡದ ಕೆಳಗೆ ಬಟ್ಟೆ ಹಿಡಿದು, ರೇಡಿಯೇಟರಿಗೆ ಹನಿ ಚೆಲ್ಲದಂತೆ ನೀರು ಹಾಕಿದವರು ಅಮಾನತಿನಲ್ಲಿದ್ದ ಸದರಿ ಚಾಲಕರು. ಹನಮವ್ವ ಇವರ ಹೇಳಿಕೆ: “ಇಕಾ ತಮ್ಮಾ, ಹಾಕು. ಗಾಡಿ ಯಾರದರೆ ಇರಲಿ, ಥಂಡಿ ಎಲ್ಲಾರಿಗೂ ಒಂದ. ಸಾಹೇಬ್ರ, ನಿಮ್ಮ ಮನ್ಯಾಗ ದಾರಿ ನೋಡಾಕತ್ತಿರತಾರ. ಹೋಗಿ ಬರ್ರಿ.” ಜೀಪು ಬಿಸಿನೀರಿನಿಂದ ಚಾಲೂ ಆಯಿತೆಂಬುದು ಊರವರ ಕಲ್ಪನೆ. ಬಿಸಿನೀರು ಹಾಕಿದ ನಂತರ ಚಾಲೂ ಆಯಿತೆಂಬುದಷ್ಟೇ ಸತ್ಯಸಂಗತಿ. ಜೀಪು ಹೊರಟಾಗ ಕಂಬಳಿ ಮತ್ತು ಚಾವಿ ಎರಡೂ ಅದರ ಹಿಂದಿನ ಸೀಟಿನಲ್ಲಿದ್ದವು. ಇದನ್ನು ಯಾರೂ ಜ್ಞಾಪಿಸಲಿಲ್ಲ. ಊರವರು ಕೈ ಮುಗಿದರು.

10. ಸಾಧನೆ: ಅಂದಿನಿಂದ ಸದರಿ ಬಸ್ಸು ನಿಂತಲ್ಲಿಯೇ ನಿಂತಿದೆ. ಪರಿಣಾಮವಾಗಿ ಅದು ಒಂದು ದಿನವೂ ತಡವಾಗಿಲ್ಲ, ಮಂಜಿನಲ್ಲಿ ಯಾವ ಗಾಡಿಗೂ ಎದುರಾಗಿಲ್ಲ, ತೊಗರಿ ತುಳಿದಿಲ್ಲ. ನಾಲ್ಕೂ ತಾಲೂಕುಗಳಲ್ಲಿ ನಿಯಮಾವಳಿಯನ್ನು ಪೂರ್ತಿ ಪಾಲಿಸಿದ ಏಕಮೇವ ಬಸ್ಸು ಇದಾಗಿದ್ದು, ಅಭಿನಂದಿಸಲಾಗಿದೆ. ಮಕ್ಕಳು ನಡೆದು ಬರುತ್ತಿದ್ದಾರೆ. ಶಾಲೆಗೆ ತಲುಪುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತದೆಂದು ಅವರ ಶಿಕ್ಷಕಿ ವಿದ್ಯಾವತಿ ಇವರು ಬರೆದಿದ್ದು, ನಡೆಯುವ ಮಕ್ಕಳು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಮಾರುತ್ತರ ನೀಡಲಾಗಿದೆ. ಅಮಾನತುಗೊಂಡ ಚಾಲಕರು ಪ್ರತಿದಿನ ಆ ಮಕ್ಕಳ ಮುಂದೆ ಮುಂದೆ, ಮಂಜಿನಲ್ಲಿ, ಕಂದೀಲು ಹಿಡಿದು ನಡೆಯುತ್ತಿರುವುದು ತಿಳಿದುಬಂದಿದೆ. ಕಂದೀಲಿಗೆ ಅನುಮತಿ ಪಡೆದಿದ್ದಾರೆಯೇ ಎಂದು ಸ್ಪಷ್ಟೀಕರಣ ಕೇಳಲು ಟಿಪ್ಪಣಿ ಸಿದ್ಧಪಡಿಸಲಾಗಿತ್ತು. ಸದರಿ ಟಿಪ್ಪಣಿಗೆ ಉಪನಿರ್ದೇಶಕರು ಸಹಿ ಮಾಡಿರುವುದಿಲ್ಲ.

11. ಕಂಬಳಿಯ ಸದ್ಯದ ಸ್ಥಿತಿ: ಜಪ್ತಿ ಮಾಡಿದ ಕಂಬಳಿಯನ್ನು ಉಪನಿರ್ದೇಶಕರು ಮುಂದಿನ ಪರಿಶೀಲನೆಗಾಗಿ ತಮ್ಮ ಮನೆಯಲ್ಲಿ ಹೊದೆದು ನೋಡಿದ್ದಾರೆ. ಹಳ್ಳಿಯ ಶಾಲೆಯ ಬರಿ ನೆಲದ ಮೇಲೆ ಅಷ್ಟು ಬೆಚ್ಚಗಿದ್ದ ಅದೇ ಕಂಬಳಿ, ಕದ ಹಾಕಿದ ಕೋಣೆಯಲ್ಲಿ, ಗಾದಿಯ ಮೇಲೆ, ಬೆಚ್ಚಗಾಗಲು ನಿರಾಕರಿಸಿದೆ. ಮೇಲೊಂದು ರಜಾಯಿ ಹಾಕಿದರೂ ಪರಿಸ್ಥಿತಿ ಸುಧಾರಿಸಿಲ್ಲ. ಕಂಬಳಿಯಲ್ಲಿ ದೋಷವಿಲ್ಲವೆಂದು ತಜ್ಞರು ತಿಳಿಸಿದ್ದಾರೆ. ಹಾಗಿದ್ದರೆ ದೋಷ ಎಲ್ಲಿದೆ ಎಂಬುದನ್ನು ಈ ಸುತ್ತೋಲೆಯಲ್ಲಿ ನಮೂದಿಸಲು ಸ್ಥಳಾವಕಾಶವಿಲ್ಲ.

12. ಮೇಲ್ಕಾಣಿಸಿದ ಎಲ್ಲ ನಿಯಮಗಳು ನಾಲ್ಕೂ ತಾಲೂಕುಗಳಲ್ಲಿ ತಕ್ಷಣದಿಂದ ಜಾರಿಗೆ ಬರತಕ್ಕದ್ದು. ಇಲಾಖೆ ತಪ್ಪು ಮಾಡಿಲ್ಲವಾದ್ದರಿಂದ ಯಾವ ಆದೇಶವನ್ನೂ ಹಿಂಪಡೆಯುವ ಪ್ರಶ್ನೆ ಉದ್ಭವಿಸುವುದಿಲ್ಲ. ಆದರೆ ಅಮಾನತು ಆದೇಶದ ಕಡತವು ಕಚೇರಿಯ ಬಚ್ಚಲ ಒಲೆಯ ಸಮೀಪ ಇದ್ದು, ಚಳಿ ಹೆಚ್ಚಾಗಿದ್ದರಿಂದ, ಈಗ ಇರುವುದಿಲ್ಲ.

ಸಹಿ/-
ಉಪನಿರ್ದೇಶಕರು
ಚಳಿ ಮತ್ತು ಮಂಜು ಶಾಖೆ

ಪ್ರತಿಗಳು:

1. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಎಲ್ಲ ಶಾಲಾ ಬಸ್ಸು ಚಾಲಕರಿಗೆ, ಪಾಲನೆಗಾಗಿ. ಮಂಜಿನಲ್ಲಿ ಓದಲಾಗದಿದ್ದರೆ ಪಾಲಿಸಿದಂತೆ ಭಾವಿಸಲಾಗುವುದು.

2. ಮಂಜಿಗೆ, ಹೊಳೆಯ ದಂಡೆಯ ವಿಳಾಸಕ್ಕೆ, ಕಟ್ಟುನಿಟ್ಟಿನ ಎಚ್ಚರಿಕೆಗಾಗಿ.

3. ಕಬ್ಬಿನ ಗಾಡಿಯ ಎತ್ತುಗಳಿಗೆ, ಕೊಂಬಿನ ಮುಖಾಂತರ.

4. ಕುಮಾರಿ ಪ್ರಜ್ಞಾ ಇವಳಿಗೆ. ತೂಕದ ವಿಷಯವಾಗಿ ಇವಳು ಹೇಳಿದ್ದು ಸರಿಯೆಂದು ಖಾಸಗಿಯಾಗಿ ತಿಳಿಸುವುದು.

5. ಚಾಲಕ ಅಮೋಘಸಿದ್ಧ ಇವರಿಗೆ, ಬಸ್ಸಿನ ಚಾವಿಯೊಂದಿಗೆ. ನಾಳೆ ಮುಂಜಾನೆ ಎಂದಿನಂತೆ.

6. ಶ್ರೀಮತಿ ಹನಮವ್ವ ಇವರಿಗೆ, ಕಂಬಳಿಯೊಂದಿಗೆ. ಅಂಚೆಯಲ್ಲಿ ಕಳಿಸಕೂಡದು, ಜವಾನನ ಕೈಯಲ್ಲಿಯೂ ಕೊಡಕೂಡದು. ಸಹಿ ಮಾಡಿದವರೇ ಜೀಪನ್ನು ಊರ ಹೊರಗೆ ಬೇವಿನ ಮರದ ಹತ್ತಿರ ನಿಲ್ಲಿಸಿ, ನಡೆದು ಹೋಗಿ, ಮಡಚಿದ ಕಂಬಳಿಯನ್ನು ಎರಡೂ ಕೈಯಿಂದ ಕೊಟ್ಟು ಬರತಕ್ಕದ್ದು. ರಸೀದಿ ಕೇಳಬಾರದು. ಚಹಾ ಕೊಟ್ಟರೆ ಕುಡಿಯುವುದು.